ಸಾವಿನ ಮನೆಯ ಹಿಂದಿನ ಕೋಣೆ

ನಮ್ಮ ಮಲಪಸ್ಕುವಾ ದ್ವೀಪದಲ್ಲಿ ಬೂಷ್ಟಿಲ್ಲದ ಕೋಣೆ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಸುತ್ತ ಉಪ್ಪುನೀರು, ಮೇಲೆ ಆರು ತಿಂಗಳ ಮಳೆ. ನನ್ನ ಅಂಗಡಿಯಲ್ಲಿ ಬಿಸ್ಕತ್ತಿನ ಡಬ್ಬಿಗೆ ಹಿಡಿಯುತ್ತದೆ, ಚಪ್ಪಲಿಗೆ ಹಿಡಿಯುತ್ತದೆ, ಪ್ರಾರ್ಥನೆಯ ಪುಸ್ತಕಕ್ಕೂ ಹಿಡಿಯುತ್ತದೆ. ಆದರೂ ಉದ್ದ ಬಾಲದ ಶಾರ್ಕ್ ನೋಡಲು ನೀರಿಗಿಳಿಯುವ ಪರದೇಶದವರು ಬರುವ ಮೊದಲು ಇದೇ ಪ್ರಶ್ನೆ ಬರೆದು ಕಳಿಸುತ್ತಾರೆ. ವಸತಿಗೃಹದವರು ಎಲ್ಲರೂ ಒಂದೇ ಉತ್ತರ ಬರೆಯುತ್ತಾರೆ: ಇಲ್ಲ ಮೇಡಂ, ನಮ್ಮಲ್ಲಿ ಬೂಷ್ಟೇ ಇಲ್ಲ.

ಹಾಗೆ ಬರೆಯದವಳು ಒಬ್ಬಳೇ, ನನ್ನ ನೆರೆಮನೆಯ ಟಾರ್ಸಿಲಾ. ನಾವೆಲ್ಲ ಸಿಲಾ ಎನ್ನುತ್ತೇವೆ. ಹದಿಮೂರು ವರ್ಷದ ಹಿಂದೆ ಬಿರ್ಗಿಟ್ಟೆ ಎಂಬ ಡೆನ್ಮಾರ್ಕಿನ ಟೀಚರಮ್ಮ ಕೇಳಿದಾಗ ಸಿಲಾ ತನ್ನ ಮುರುಕು ಇಂಗ್ಲಿಷಿನಲ್ಲಿ, ಈ ದ್ವೀಪದಲ್ಲಿ ಎಲ್ಲರ ಮನೆಯಲ್ಲೂ ಬೂಷ್ಟು ಇದೆ, ನನ್ನ ಮನೆಯಲ್ಲಿ ನಾನು ದಿನಾ ಓಡಿಸುತ್ತೇನೆ ಎಂದು ಬರೆದಳು. ಗಿರಾಕಿಯನ್ನು ಕೈಯಾರೆ ಓಡಿಸಿಕೊಂಡೆಯಲ್ಲೇ ಎಂದು ನಾನು ಬೈದಿದ್ದೆ. ಆ ಹೆಂಗಸು ಮರುದಿನವೇ ಕೋಣೆ ಕಾದಿರಿಸಿದಳು. ಅದಕ್ಕೂ ಹಿಂದಿನ ವರ್ಷ ಬೇರೊಂದು ದ್ವೀಪದಲ್ಲಿ ಹೊಸ ಬಣ್ಣ ಬಳಿದ ಕೋಣೆಯಲ್ಲಿ ಮಲಗಿ, ಮೂರನೆಯ ದಿನ ಉಸಿರು ಕಟ್ಟಿ, ಅವಳನ್ನು ದೋಣಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದಿದ್ದರಂತೆ. ಇನ್ನೊಂದು ಸಲ ಹಾಗಾದರೆ ಬದುಕುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಅಂದಿನಿಂದ ಪ್ರತಿ ವರ್ಷ ಹದಿನೈದು ದಿನ ಅವಳು ಸಿಲಾಳ ಹಿಂದಿನ ಕೋಣೆಯಲ್ಲಿ.

ಆ ಕೋಣೆಗೆ ಸಿಲಾ ಪಡುತ್ತಿದ್ದ ಪಾಡನ್ನು ನಾನು ಕಣ್ಣಾರೆ ಕಂಡವಳು. ಬೆಳಗೆದ್ದು ಕಿಟಕಿ ಎಲ್ಲ ತೆರೆಯುವುದು, ತೆಂಗಿನ ಕಳ್ಳಿನ ಹುಳಿಯಲ್ಲಿ ಬಟ್ಟೆ ಅದ್ದಿ ಗೋಡೆ ಒರೆಸುವುದು, ಹಾಸಿಗೆ ಎತ್ತಿ ಬಿಸಿಲಿಗೆ ಒರಗಿಸುವುದು, ಮಂಚದ ಕೆಳಗೆ ತಟ್ಟೆಯಲ್ಲಿ ಇದ್ದಿಲು ಇಡುವುದು, ಕೊನೆಗೆ ಮೂಲೆ ಮೂಲೆ ಗುಡಿಸುವುದು. ಈ ಕಲೆಯನ್ನು ಅವಳಿಗೆ ಕಲಿಸಿದ್ದು ಅತ್ತೆ ಕೊಂಚಿಂಗ್ ಅಜ್ಜಿ. ಕಲಿಸಿದ್ದು ಎಂದರೆ ಪ್ರೀತಿಯಿಂದಲ್ಲ. ಲೇಯ್ಟೆ ದ್ವೀಪದಿಂದ ಹತ್ತೊಂಬತ್ತರ ಸೊಸೆ ಬಂದ ದಿನವೇ ಕೈಗೆ ಪೊರಕೆ ಕೊಟ್ಟು, ಇಪ್ಪತ್ತೇಳು ವರ್ಷ ಜಗಲಿಯ ಕುರ್ಚಿಯಲ್ಲಿ ಕೂತು ಆ ಮೂಲೆ ಗುಡಿಸಿದೆಯಾ, ಈ ಮೂಲೆ ಗುಡಿಸಿದೆಯಾ ಎಂದು ಕೂಗುತ್ತಲೇ ಇದ್ದ ಮುದುಕಿ. ಸಿಲಾ ಒಂದು ದಿನವೂ ಎದುರಾಡಲಿಲ್ಲ. ಅವಳ ಆ ತಗ್ಗಿ ನಡೆಯುವ ಗುಣ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅತ್ತೆ ಒಂದು ಸಲ ಕೂಗಿದ್ದಕ್ಕೆ ನಾನು ಬೇರೆ ಮನೆ ಮಾಡಿದವಳು.

ನಾಲ್ಕು ವರ್ಷದ ಹಿಂದೆ, ನೈರುತ್ಯದ ಮಳೆ ಬಿಡದೆ ಹೊಡೆಯುತ್ತಿದ್ದ ಆಗಸ್ಟಿನಲ್ಲಿ, ಅಜ್ಜಿ ತೀರಿಕೊಂಡಳು. ಬಿರ್ಗಿಟ್ಟೆ ಬರಲು ಹನ್ನೆರಡು ದಿನ ಬಾಕಿ ಇತ್ತು.

ಹೆಣ ಮನೆಯಲ್ಲಿರುವಾಗ ಪೊರಕೆ ಮುಟ್ಟಬಾರದು. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಕಸ ಗುಡಿಸಿದರೆ ಕಸದ ಜೊತೆ ಮನೆಯ ಇನ್ನೊಂದು ಜೀವವೂ ಹೊರಗೆ ಹೋಗುತ್ತದೆ. ಹೆಣ ಕೆಡದಂತೆ ಮದ್ದು ಹಾಕಿಸಿ ಇಟ್ಟರೂ ಸಾಮಾನ್ಯವಾಗಿ ಒಂದು ವಾರದಲ್ಲಿ ಮಣ್ಣಾಗುತ್ತದೆ, ಆಮೇಲೆ ಎಷ್ಟು ಬೇಕಾದರೂ ಗುಡಿಸಿಕೊಳ್ಳಿ. ಆದರೆ ಅಜ್ಜಿಯ ಕಿರಿಯ ಮಗ ರೆನಾಟೊ ಸರಕು ಹಡಗಿನಲ್ಲಿ ಕೆಲಸದವನು. ಅವನು ಬಂದು ತಾಯಿಯ ಮುಖ ನೋಡದೆ ಶವಪೆಟ್ಟಿಗೆ ಮುಚ್ಚುವಂತಿಲ್ಲ. ಹಡಗು ಇವತ್ತು ದಡ ಮುಟ್ಟುತ್ತದೆ, ನಾಳೆ ಮುಟ್ಟುತ್ತದೆ ಎಂದು ಸುದ್ದಿ ಬರುತ್ತಲೇ ಇತ್ತು. ಮುಂದಿನ ಕೋಣೆಯಲ್ಲಿ ಬಿಳಿ ಪೆಟ್ಟಿಗೆ, ಅಂಗಳದ ಡೇರೆಯಲ್ಲಿ ರಾತ್ರಿಯೆಲ್ಲ ಹೆಣ ಕಾಯುತ್ತ ಇಸ್ಪೀಟು ಆಡುವವರು, ನನ್ನ ಅಂಗಡಿಯಿಂದ ಕಾಫಿಪುಡಿ ಬಿಸ್ಕತ್ತು. ನೆಲದ ಮೇಲೆ ಕಡಲೆ ಸಿಪ್ಪೆ ಪಾದ ಮುಳುಗುವಷ್ಟು ಬಿದ್ದಿತ್ತು. ಬಗ್ಗಿ ಎತ್ತುವವರಿಲ್ಲ.

ಹಿಂದಿನ ಕೋಣೆಯೂ ಅದೇ ಸೂರಿನ ಕೆಳಗಿತ್ತು, ಅದೇ ಸಂಕಟ. ಮಳೆಗೆ ಕಿಟಕಿ ಮುಚ್ಚಿತ್ತು. ಐದನೆಯ ದಿನ ಗೋಡೆಯ ಬುಡದಲ್ಲಿ ಬೂದಿ ಚೆಲ್ಲಿದ ಹಾಗೆ ಕಂಡಿತು. ಎಂಟನೆಯ ದಿನಕ್ಕೆ ಕಪ್ಪು ಚುಕ್ಕಿ ಮಂಚದ ಎತ್ತರಕ್ಕೆ ಏರಿತ್ತು. ಬಾಗಿಲಲ್ಲಿ ನಿಂತರೆ ಸಾಕು, ಗಂಟಲು ಕೆರೆಯುತ್ತಿತ್ತು.

ಗುಡಿಸುವುದಿಲ್ಲ, ಬರೀ ಗೋಡೆ ಒರೆಸುತ್ತೇನೆ ಎಂದು ಸಿಲಾ ಕೇಳಿ ನೋಡಿದಳು. ಕೇಳಿದ್ದು ಗಂಡನ ಅಕ್ಕ ಪುರಿಂಗಳನ್ನು. ಗಂಡ ಡೆಮೆಟ್ ಡೈವಿಂಗ್ ದೋಣಿ ನಡೆಸುವವನು, ನೀರಿನ ಮೇಲೆ ಶೂರ, ಅಕ್ಕನ ಮುಂದೆ ಬೆಕ್ಕಿನ ಮರಿ. ಪುರಿಂಗ್ ಜಪಮಣಿ ತಿರುಗಿಸುತ್ತಲೇ ಹೇಳಿದಳು, "ಒರ್ಸೋದು ಅಂದ್ರೆ ಗುಡ್ಸೋದರ ತಂಗಿ ಕಣೇ. ನಿನ್ ಮಗಳ ಹೊಟ್ಟೆ ಒಂದ್ಸಲ ನೋಡು. ಆಮೇಲೆ ಬಟ್ಟೆ ತಗೋ."

ಅಷ್ಟೇ ಸಾಕಾಯಿತು. ಸಿಲಾಳ ಒಬ್ಬಳೇ ಮಗಳು ರೋವೆನಾಗೆ ಆಗ ಏಳು ತಿಂಗಳು. ಅದಕ್ಕೆ ಮೊದಲು ಎರಡು ಸಲ ಉಳಿದಿರಲಿಲ್ಲ. ಇತ್ತ ಗುಡಿಸದಿದ್ದರೆ ಬಿರ್ಗಿಟ್ಟೆಯ ಉಸಿರು, ಅತ್ತ ಗುಡಿಸಿದರೆ ಹೊಟ್ಟೆಯ ಕೂಸು. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅದನ್ನು ನಾನು ಒಬ್ಬರ ಮುಖದಲ್ಲಿ ಕಂಡದ್ದು ಆಗಲೇ. ಜೀವಮಾನವೆಲ್ಲ ಗುಡಿಸು ಗುಡಿಸು ಎಂದವಳು ಸತ್ತು ಪೊರಕೆ ಕಸಿದುಕೊಂಡಿದ್ದಳು.

ಬರಬೇಡಿ ಎಂದು ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನಾಳೆ ರೆನಾಟೊ ಬರುತ್ತಾನೆ, ನಾಡಿದ್ದು ಮಣ್ಣು, ಆಚೆ ನಾಡಿದ್ದು ಗೋಡೆ ತೊಳೆಯುತ್ತೇನೆ ಎಂದು ಅವಳು ದಿನಾ ಲೆಕ್ಕ ಹಾಕುತ್ತಿದ್ದಳು. ಹಾಗೇ ದಿನ ಕಳೆದು, ಕೊನೆಗೆ ಬರೆದಾಗ ಆ ಹೆಂಗಸು ವಿಮಾನ ಹತ್ತಿಯಾಗಿತ್ತು. ಉತ್ತರವೇ ಬರಲಿಲ್ಲ.

ಬಿರ್ಗಿಟ್ಟೆ ಬರುವ ದಿನ ಬೆಳಿಗ್ಗೆ ಸಿಲಾ ನನ್ನ ಅಂಗಡಿಗೆ ಬಂದಳು. ಬೇರೆ ಕಡೆ ಒಂದು ಒಣ ಕೋಣೆ ಹುಡುಕೋಣ, ನೀನೂ ಬಾ ಎಂದಳು. ನನ್ನ ಮನೆಯಲ್ಲಿ ಒಣಮೀನಿನ ಮೂಟೆ, ಹಸಿರು ಗೋಡೆ. ನನ್ನನ್ನು ಅವಳು ಕೇಳಲೂ ಇಲ್ಲ. ಸಾವಿನ ಮನೆಯಿಂದ ಹೊರಟವರು ಇನ್ನೊಬ್ಬರ ಮನೆ ಹೊಗುವ ಮುಂಚೆ ನಡುವೆ ಎಲ್ಲಾದರೂ ತಂಗಿ, ಸಾವನ್ನು ಕೊಡವಿ ಹೋಗಬೇಕು. ಇಡೀ ಬೀದಿ ಅದನ್ನು ಕೊಡವುವುದು ನನ್ನ ಅಂಗಡಿಯ ಬೆಂಚಿನ ಮೇಲೆ, ತಾಸಿಂಗಳ ಬೆಂಚು ಎಂದೇ ನನ್ನ ಹೆಸರಲ್ಲಿ ಅದನ್ನು ಕರೆಯುತ್ತಾರೆ. ಅಲ್ಲಿ ಎಷ್ಟು ಸಾವು ಕೂತಿವೆಯೋ ದೇವರೇ ಬಲ್ಲ. ಸಿಲಾ ಐದು ನಿಮಿಷ ಕೂತು ಎದ್ದಳು.

ಮೊದಲ ವಸತಿಗೃಹದಲ್ಲಿ ಹೊಸ ಸುಣ್ಣದ ವಾಸನೆ. ಸಿಲಾ ಉಗುರಿನಿಂದ ಒಂದು ಗೀರು ಎಳೆದಳು, ಒಳಗಿನ ಕಪ್ಪು ಹೊರಗೆ ಬಂತು. ಎರಡನೆಯದು ತಣ್ಣನೆ ಗಾಳಿ ಬೀಸುವ ದೊಡ್ಡ ಹೋಟೆಲು, ಗೋಡೆಗೆ ಶಂಖ, ಬಾಗಿಲಿಗೆ ಮುತ್ತಿನ ತೋರಣ, ಮೂಗಿಗಿಂತ ಮೂಗುತಿ ಭಾರ. ಕಿಟಕಿ ತೆರೆದೇ ವರ್ಷವಾಗಿರಬೇಕು. ಸಿಲಾ ದಿಂಬು ಎತ್ತಿ ಮೂಗಿಗೆ ಹಿಡಿದಳು, ಹಾಸಿಗೆ ಮಗುಚಿದಳು, ಬೀರುವಿನ ಹಿಂದೆ ಕೈ ಹಾಕಿದಳು. ಕೈ ಹಸಿರಾಗಿ ಬಂತು. ನೀನು ಕೋಣೆ ನೋಡಲು ಬಂದೆಯೋ ಕಳ್ಳನನ್ನು ಹಿಡಿಯಲು ಬಂದೆಯೋ ಎಂದು ಅಲ್ಲಿನ ಹುಡುಗಿ ಕೇಳಿದಳು. ಮೂರನೆಯದರಲ್ಲಿ ಬಾಗಿಲೊಳಗೇ ಬಿಡಲಿಲ್ಲ. ಮಾಲಕಿ ಹೊಸ್ತಿಲಿಗೆ ಅಡ್ಡ ನಿಂತು, "ಹನ್ನೆರಡು ದಿನದಿಂದ ಹೆಣ ಇಟ್ಕೊಂಡಿರೋ ಮನೆಯಿಂದ ಬಂದಿದ್ದೀಯ ತಾಯಿ, ತಾಸಿಂಗಳ ಬೆಂಚು ಅಷ್ಟೆಲ್ಲಾ ತಡ್ಕೊಳ್ಳಲ್ಲ" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಸಿಲಾ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

ಉತ್ತರದ ತುದಿಯಲ್ಲಿ ಮೀನುಗಾರನೊಬ್ಬನ ಬಿದಿರಿನ ಗುಡಿಸಲು ಗಾಳಿಯಾಡುತ್ತಿತ್ತು. ನಮ್ಮಿಬ್ಬರಿಗೂ ಆಸೆ ಹುಟ್ಟಿತು. ಆದರೆ ಚಾವಣಿಯ ಗರಿ ನೆನೆದು ಕೊಳೆತಿತ್ತು, ಚಾಪೆಯ ಅಡಿಯಲ್ಲಿ ಬಿಳಿ ನೂಲು ಎದ್ದಿತ್ತು. ಸಿಲಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಮುದ್ರ ನೋಡುತ್ತಾ, ಈ ದ್ವೀಪದ ಸುತ್ತಳತೆ ಒಂದು ಬೆಳಗಿನ ನಡಿಗೆಯಷ್ಟು ಮಾತ್ರ ಎಂದು ತನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ ಎಂದಳು.

ನಾವು ಹಿಂತಿರುಗಿದಾಗ ಮೂರು ಗಂಟೆ. ಬಿರ್ಗಿಟ್ಟೆಯ ದೋಣಿಗೆ ಇನ್ನೊಂದು ತಾಸು. ಅಂಗಳಕ್ಕೆ ಕಾಲಿಡುತ್ತಲೇ ಕಳ್ಳಿನ ಹುಳಿಯ ಘಾಟು ಮೂಗಿಗೆ ಬಡಿಯಿತು. ಇಸ್ಪೀಟಿನವರು ಎಲೆ ಕೆಳಗಿಟ್ಟು ಹಿಂದಿನ ಕೋಣೆಯತ್ತ ನೋಡುತ್ತಿದ್ದರು. ಪುರಿಂಗ್ ಹಿತ್ತಲಲ್ಲಿ ನಿಂತು ಜೋರಾಗಿ ಜಪ ಮಾಡುತ್ತಿದ್ದಳು.

ಹಿಂದಿನ ಕೋಣೆಯ ಕಿಟಕಿಗಳು ಹಾರುಹೊಡೆದಿದ್ದವು. ಗೋಡೆ ಕೆಳಗಿನಿಂದ ಮೇಲಿನವರೆಗೆ ಒರೆಸಿ ಒದ್ದೆ. ಮಂಚದ ಕೆಳಗೆ ಇದ್ದಿಲು. ಹಾಸಿಗೆ ಸೂರಿನಡಿ ಗಾಳಿಗೆ ಒರಗಿತ್ತು. ನಡುವೆ ರೋವೆನಾ, ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಪೊರಕೆ. ಗುಡಿಸಿದ ಕಸ ಬಾಗಿಲ ಬಳಿ ಗುಪ್ಪೆಯಾಗಿತ್ತು.

ಸಿಲಾ ಮಗಳ ಕೆನ್ನೆಗೆ ಬಾರಿಸಿದಳು. ಆ ಕೈ ಯಾರ ಮೇಲೂ ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ರೋವೆನಾ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ನನ್ ಹೆಸರಲ್ಲಿ ನೀನು ಕೈ ಕಟ್ಕೊಂಡು ಕೂರಬೇಡಮ್ಮ" ಎಂದಳು. "ಅಜ್ಜಿ ಇರೋವರ್ಗೂ ಅಜ್ಜಿಗೆ ಹೆದರ್ದೆ. ಈಗ ನನ್ ಹೊಟ್ಟೆಗೆ ಹೆದರ್ತೀಯ. ನಾಳೆ ಈ ಮಗು ಹುಟ್ಟಿದ ಮೇಲೆ ಇನ್ಯಾತಕ್ಕೆ ಹೆದರ್ತೀಯೋ. ಆ ಹೆಂಗ್ಸು ನಿನ್ ಮಾತು ನಂಬಿ ಬರ್ತಿದ್ದಾಳೆ. ಅವಳು ಇಲ್ಲಿ ಉಸಿರು ಕಟ್ಟಿ ಸತ್ರೆ ಅದು ಸಾವಲ್ವಾ?"

ಹಿತ್ತಲಿಂದ ಪುರಿಂಗ್ ಹೇಳಿದಳು, "ಯಾರು ಗುಡ್ಸಿದ್ರೋ ಅವರ ಮಡಿಲಿಂದಲೇ ಶುರು ಆಗೋದು. ಯಾವಾಗ ಕರ್ಕೊಂಡು ಹೋಗ್ತಾಳೆ ಅಂತ ಸತ್ತ ಅಮ್ಮ ಹೇಳಿ ಬರಲ್ಲ."

ಸಿಲಾ ಪೊರಕೆ ಕಿತ್ತುಕೊಂಡು ಉಳಿದ ಕಸವನ್ನು ತಾನೇ ಗುಡಿಸಲು ಹೋದಳು. ಗುಡಿಸಲು ಏನೂ ಉಳಿದಿರಲಿಲ್ಲ. ರೋವೆನಾ ಅಚ್ಚುಕಟ್ಟಿನ ಹುಡುಗಿ, ತಾಯಿಯ ಕೈಯಲ್ಲೇ ಕಲಿತವಳು.

ನಾಲ್ಕು ಗಂಟೆಗೆ ಬಿರ್ಗಿಟ್ಟೆ ಬಂದಳು. ಪೆಟ್ಟಿಗೆಯ ಮುಂದೆ ತಲೆ ಬಾಗಿಸಿದಳು, ಸಿಲಾಳನ್ನು ತಬ್ಬಿ ಅತ್ತಳು, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಎದೆ ತುಂಬ ಉಸಿರು ಎಳೆದುಕೊಂಡಳು. ಇಂಥ ದುಃಖದಲ್ಲೂ ನನಗಾಗಿ ಇದನ್ನು ಮಾಡಿದೆಯಲ್ಲ ಎಂದಳು. ಸಿಲಾ ನಕ್ಕಳು. ಆ ಹದಿನೈದು ದಿನ ಟೀಚರಮ್ಮ ನಸುಕಿಗೇ ನೀರಿಗಿಳಿದು, ಶಾರ್ಕ್ ಕಂಡು, ಕೆನ್ನೆ ಕೆಂಪಾಗಿ ಹಿಂತಿರುಗುತ್ತಿದ್ದಳು. ಒಮ್ಮೆಯೂ ಕೆಮ್ಮಲಿಲ್ಲ. ಸಿಲಾ ಮಾತ್ರ ಮಗಳ ನೆರಳಾದಳು. ರೋವೆನಾ ಬಚ್ಚಲಿಗೆ ಹೋದರೂ ಬಾಗಿಲಾಚೆ ನಿಂತಿರುತ್ತಿದ್ದಳು.

ಹಡಗು ದಡ ಮುಟ್ಟಿತು, ರೆನಾಟೊ ಬಂದ, ಮಣ್ಣಾಯಿತು. ಅಕ್ಟೋಬರಿನಲ್ಲಿ ರೋವೆನಾಗೆ ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಗೆ, ಊರಿಗೆಲ್ಲ ಕೇಳುವಷ್ಟು ಅಳುವ ಮಗು. ಮುದುಕಿ ಶಾಂತಳಾಗಲಿ ಎಂದು ಸಿಲಾ ಹಠ ಹಿಡಿದು ಅವಳದೇ ಹೆಸರಿಡಿಸಿದಳು. ನಾನು ಇನ್ನಾದರೂ ಆ ಮಾತು ಬಿಡು, ನೋಡು ಏನೂ ಆಗಲಿಲ್ಲ ಎಂದೆ. ಅವಳು ನನ್ನನ್ನು ಮಂಕು ಹಿಡಿದವಳ ಹಾಗೆ ನೋಡಿದಳು. ಪುರಿಂಗ್ ಯಾವಾಗ ಎಂದು ಹೇಳಿರಲಿಲ್ಲವಲ್ಲ.

ಅದೇ ಆ ಶಾಪದ ಕುತಂತ್ರ ಎಂದು ನನಗೆ ಅರ್ಥವಾದದ್ದು ತಡವಾಗಿ. ಸೆರೆಮನೆಗಾದರೂ ಬಿಡುಗಡೆಯ ತಾರೀಖು ಇರುತ್ತದೆ. ಮಗು ಸೀನಿದರೆ ಸಿಲಾ ನಿಲ್ಲುತ್ತಾಳೆ, ಎಡವಿದರೆ ಬಿಳಚುತ್ತಾಳೆ. ಬಿರ್ಗಿಟ್ಟೆ ಪ್ರತಿ ವರ್ಷ ಬಂದು ಆ ಮಗುವಿಗೆ ಡೆನ್ಮಾರ್ಕಿನ ಮಿಠಾಯಿ ತಿನ್ನಿಸುತ್ತಾಳೆ. ಗೋಡೆಗಳು ಈಗಲೂ ಕನ್ನಡಿಯ ಹಾಗಿವೆ.

ಹೋದ ವಾರ ಮಗುವಿಗೆ ಜ್ವರ. ಮಾಮೂಲಿ ಮಳೆಗಾಲದ ಜ್ವರ, ಮೂರು ದಿನಕ್ಕೆ ಇಳಿಯಿತು. ಎರಡನೆಯ ದಿನ ಸಿಲಾ ಔಷಧಿ ತೆಗೆದುಕೊಳ್ಳಲು ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು. ನನಗೆ ತಾಳ್ಮೆ ಕಡಿಮೆ, ನಿಮಗೆ ಗೊತ್ತಾಗಿರಬೇಕು. ಅವತ್ತು ಆ ಕೋಣೆ ಗುಡಿಸಿದ್ದು ತಪ್ಪು ಎಂದು ಇನ್ನೂ ಅಂದುಕೊಂಡಿದ್ದೀಯಾ, ಆ ಹೆಂಗಸು ಸಾಯಬೇಕಿತ್ತಾ ಎಂದು ಕೇಳಿಯೇಬಿಟ್ಟೆ.

ಸಿಲಾ ಇಲ್ಲ ಎಂದು ತಲೆಯಾಡಿಸಿದಳು.

"ಗುಡ್ಸಿದ್ದು ತಪ್ಪಲ್ಲ ಅಕ್ಕಾ" ಎಂದಳು. "ಗುಡ್ಸಬೇಕಿತ್ತು. ಮೊದಲನೇ ದಿನದಿಂದ ಗೊತ್ತಿತ್ತು ನಂಗೆ ಗುಡ್ಸಬೇಕು ಅಂತ. ಆದ್ರೆ ನಾನು ಊರೆಲ್ಲಾ ಕೋಣೆ ಹುಡುಕ್ಕೊಂಡು ಅಲೆದೆ. ನಾನೇ ಗುಡ್ಸಿದ್ರೆ ನನ್ ಮೇಲೆ ಬರ್ತಿತ್ತು. ಮಗಳ ಕೈಗೆ ಬಿಟ್ಟುಬಿಟ್ಟೆ."

ನಾನು ಔಷಧಿಯ ಸೀಸೆ ಅವಳ ಕೈಗಿಟ್ಟೆ. ಅವಳು ಅದನ್ನು ಹಿಡಿದು ಓಡುತ್ತಲೇ ಮನೆಗೆ ಹೋದಳು.