ಗಂಟಿನ ಹಣೆಗೆ ಕುಂಕುಮ

1951ರಲ್ಲಿ ನಾನು ಸಾಲಿ ಬಿಟ್ಟೆ. ರೋಣದ ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆ ಅರ್ಧಕ್ಕೆ ಬಂದಿತ್ತು. ಯಾರೂ ಬಿಡಿಸಲಿಲ್ಲ, ನಾನಾಗಿಯೇ ಬಿಟ್ಟೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಕೂತು ಓದುವುದು ನನ್ನ ಮೈಗೆ ಒಗ್ಗಲಿಲ್ಲ, ದುಡಿಯುವುದು ಒಗ್ಗಿತು. ಅಕ್ಷರ ಮಾತ್ರ ದುಂಡಗಿದ್ದವು. ಕನ್ನಡವನ್ನೂ ಮರಾಠಿಯನ್ನೂ ಒಂದೇ ಅಳತೆಯಲ್ಲಿ ಬರೆಯುತ್ತಿದ್ದೆ. ಆ ಅಕ್ಷರದ ಸಲುವಾಗಿಯೇ ಗಜೇಂದ್ರಗಡದ ನನ್ನ ಸೋದರಮಾವ, ‘ಗಂಟಿನ ಮ್ಯಾಲ ವಿಳಾಸ ಬರಿಯಾಕ ಬಾ’ ಎಂದು ಕರೆಸಿಕೊಂಡ.

ಮಾವನದು ಸೀರೆ ವ್ಯಾಪಾರ. ನೇಕಾರರ ಓಣಿಯ ಒಂಬತ್ತು ಮನೆಗಳಲ್ಲಿ ನೇಯ್ದ ಸೀರೆಗಳನ್ನೆಲ್ಲ ಅವನೇ ಕೊಂಡು, ಪುಣೆಯ ಒಂದೇ ಒಂದು ಅಂಗಡಿಗೆ ಕಳಿಸುತ್ತಿದ್ದ. ಗಂಟು ಬಸ್ಸಿನ ನೆತ್ತಿಯ ಮೇಲೆ ಕೂತು ರೋಣ ದಾಟಿ ಗದಗಿಗೆ ಹೋಗಬೇಕು, ಅಲ್ಲಿ ರೈಲು ಹತ್ತಬೇಕು. ದಾರಿಯುದ್ದಕ್ಕೂ ಅದನ್ನು ಎತ್ತುವವರು, ಕೆಳಗೆ ಒಗೆಯುವವರು, ಅದರ ಮೇಲೆ ಕೂಡುವವರು ಬೇರೆ ಬೇರೆ. ಅಷ್ಟೂ ಜನರ ಕೈ ದಾಟಿ ಸೀರೆ ಮಗ್ಗದಿಂದ ಇಳಿದ ಹಾಗೆಯೇ ಪುಣೆ ಮುಟ್ಟಬೇಕು.

ಅದನ್ನು ಮುಟ್ಟಿಸುತ್ತಿದ್ದವಳು ಒಬ್ಬ ಮುದುಕಿ. ಅದೇ ಓಣಿಯವಳು. ಗಂಡ ಮಗ್ಗದ ಮೇಲೆ ಕೂತರೆ ಇವಳು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಗಂಟು ಕಟ್ಟಲು ಕೂಡುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಅಂದೆ. ಸಾಲಿ ಕಂಡವಳಲ್ಲ. ನನ್ನ ಮಾಸ್ತರರೆಲ್ಲರನ್ನು ಒಂದು ಕಡೆ ಕೂರಿಸಿ ಅವಳನ್ನು ಒಂದು ಕಡೆ ಕೂರಿಸಿದರೆ, ನಾನು ಹೋಗಿ ಕೂಡುವುದು ಅವಳ ಕಡೆಗೇ.

ಮೊದಲು ಒಗೆದು ಒಣಗಿಸಿದ ಹಳೇ ಧೋತರದಲ್ಲಿ ಸೀರೆಗಳನ್ನು ಸುತ್ತುತ್ತಿದ್ದಳು. ಮಡಿಕೆಗಳ ನಡುವೆ ಒಣ ಬೇವಿನೆಲೆ. ಅದರ ಮೇಲೆ ಮೇಣದ ಬಟ್ಟೆ. ಆಮೇಲೆ ಜೋಳದ ದಂಟಿನಿಂದ ಸುಲಿದ ಒಣ ರವದಿಯನ್ನು ಸುತ್ತಲೂ ಹಾಸಿಗೆಯಂತೆ ಹಾಸಿ, ಎಲ್ಲದರ ಹೊರಗೆ ಗೋಣಿತಟ್ಟು ಹಾಕಿ ದಬ್ಬಳದಿಂದ ಹೊಲಿಯುತ್ತಿದ್ದಳು. ತಟ್ಟಿನ ನಾಲ್ಕೂ ಮೂಲೆಗೆ ಒಂದೊಂದು ಹಿಡಿ ರವದಿ ತುರುಕಿ, ಸುತಳಿ ಬಿಗಿದು, ಮುಷ್ಟಿಯಲ್ಲಿ ಹಿಡಿಯುವಂಥ ಕಿವಿ ಮಾಡುತ್ತಿದ್ದಳು. ಕಿವಿ ಯಾಕೆಂದು ಮೊದಲ ವಾರವೇ ಕೇಳಿದೆ.

“ಹಮಾಲ ಏನ್ ನಮ್ಮ ವೈರಿ ಅಲ್ಲೋ ತಮ್ಮಾ” ಎಂದಳು. “ಅವನ ಕೈಗೆ ಹಿಡಕೊಳ್ಳಾಕ ಏನರ ಕೊಡಬೇಕು. ಕೊಡಲಿಲ್ಲಂದ್ರ ಕೊಂಡಿ ಚುಚ್ಚಿ ಎಳೀತಾನ. ಕೊಂಡಿಗೆ ಗೋಣಿ ಯಾವ್ದು, ಸೆರಗ ಯಾವ್ದು, ಏನ್ ಗೊತ್ತಾಕ್ಕೈತಿ?”

ಹೊಲಿದು ಮುಗಿದ ಮೇಲೆ ಗಂಟನ್ನು ಕಟ್ಟೆಯ ಮೇಲಿಂದ ಕಾಲಲ್ಲಿ ದೂಡಿ ಕೆಳಗೆ ಬೀಳಿಸುತ್ತಿದ್ದಳು. ಮತ್ತೆ ಎತ್ತಿಸಿ ಇನ್ನೊಂದು ಮಗ್ಗುಲಿಗೆ ಬೀಳಿಸುತ್ತಿದ್ದಳು. ಬಸ್ಸಿನ ಕ್ಲೀನರ್ ಅದನ್ನು ನೋಡುತ್ತ ನಿಂತು, “ಆಯಿ, ನಮಗೂ ಒಂದೀಟ ಬಿಡ್ರಿ ಒಗಿಯಾಕ” ಎನ್ನುತ್ತಿದ್ದ.

“ನೀ ಒಗಿಯೂದಕಿಂತ ಜೋರ ನಾ ಒಗದೀನಿ. ಈಗ ಒಯ್ಯಿ” ಎನ್ನುವಳು ಆಯಿ.

ಕಡೆಗೆ ಮನೆಗೆ ಹೋಗಿ ಒಂದು ಕರಟದಲ್ಲಿ ಕೆಂಪು ಬಣ್ಣ ತಂದು, ಗಂಟಿನ ಮುಖದ ಮೇಲೆ ಬೆರಳಿನಿಂದ ಬೊಟ್ಟು ಇಡುತ್ತಿದ್ದಳು. ಸೀರೆ ಎಷ್ಟೋ ಬೊಟ್ಟು ಅಷ್ಟು. ಎಣಿಕೆಯ ಗುರುತು ಎಂದುಕೊಂಡಿದ್ದೆ. ಅದರ ಕೆಳಗೆ ನಾನು ವಿಳಾಸ ಬರೆಯುತ್ತಿದ್ದೆ.

ಮೂರು ವರ್ಷ ಹೀಗೆ ಅವಳ ಪಕ್ಕದಲ್ಲಿ ಕೂತು ಬರೆದೆ, ಹೊಲಿಯುವುದನ್ನೂ ಕಲಿತೆ. ಎಲ್ಲವನ್ನೂ ಕಲಿತೆ ಎಂದೂ ಅಂದುಕೊಂಡೆ.

1954ರ ಶ್ರಾವಣದಲ್ಲಿ ಹೊಳೆಮಣ್ಣೂರಿನಿಂದ ಆಯಿಗೆ ಸುದ್ದಿ ಬಂತು. ಹೊಳೆಯ ನೀರು ಏರಿ ಮಗಳ ಮನೆಯ ಗೋಡೆ ಕುಸಿದಿತ್ತು. ಅವತ್ತೇ ಹೊರಟಳು. ಹನ್ನೆರಡು ಸೀರೆಯ ಗಂಟು ಆ ವಾರವೇ ಹೋಗಬೇಕಿತ್ತು. ಮಾವ ನನ್ನ ಮುಖ ನೋಡಿದ. “ನಾ ಕಟ್ಟತೀನ್ರಿ ಮಾಮಾ” ಎಂದೆ. ಎದೆ ಉಬ್ಬಿಸಿಯೇ ಅಂದೆ.

ನಮ್ಮ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಮಗ್ಗದಿಂದ ಇಳಿದ ಸೀರೆ ಮನೆಯ ಮಗಳಿದ್ದ ಹಾಗೆ, ಅದು ಅರಿಷಿಣ ಕುಂಕುಮವಿಲ್ಲದೆ ಹೊಸ್ತಿಲು ದಾಟಬಾರದು. ಹೆಣ್ಣುಮಕ್ಕಳು ಸೀರೆ ತಂದು ಕೊಡುವಾಗ ಅದರ ಜೊತೆಗೊಂದು ಕಾಗದದ ಪೊಟ್ಟಣ ಕೊಡುತ್ತಿದ್ದರು. ಆಯಿ ಅದನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಅದು ಏನಾಗುತ್ತಿತ್ತೆಂದು ನಾನು ಕೇಳಿದವನಲ್ಲ. ಅವಳು ಸೀರೆ ಮಡಚುವ ಹೊತ್ತಿಗೆ ನಾನು ಒಳಗೆ ಲೆಕ್ಕ ಬರೆಯುತ್ತಿದ್ದೆ. ಸೀರೆಯೊಳಗೆ ಇಡುತ್ತಾಳೆ, ಮತ್ತೆಲ್ಲಿ ಇಟ್ಟಾಳು ಎಂದುಕೊಂಡಿದ್ದೆ. ಆ ವಾರ ನನ್ನ ಕೈಗೆ ಕೊಟ್ಟ ಹನ್ನೆರಡು ಪೊಟ್ಟಣಗಳನ್ನೂ ಒಂದೊಂದಾಗಿ ಹನ್ನೆರಡು ಸೀರೆಯ ಮಡಿಕೆಯಲ್ಲಿಟ್ಟೆ. ಗಂಟು ಭದ್ರವಾಗಲೆಂದು ಮೇಣದ ಬಟ್ಟೆಯನ್ನೂ ತಟ್ಟನ್ನೂ ಸೇರಿಸಿ ಒಂದೇ ಹೊಲಿಗೆ ಹಾಕಿದೆ. ಅಂಗಡಿಯ ಕೆಂಪು ಶಾಯಿಯಿಂದ ಹನ್ನೆರಡು ಬೊಟ್ಟು ಇಟ್ಟೆ. ಗಂಟು ನೋಡಲು ಆಯಿಯದಕ್ಕಿಂತ ಚಂದವಿತ್ತು. ಖರೇ ಹೇಳಬೇಕೆಂದರೆ, ಬಸ್ಸಿಗೆ ಏರಿಸಿದ ಮೇಲೂ ಸ್ವಲ್ಪ ಹೊತ್ತು ನಿಂತು ನೋಡಿದೆ.

ಮೂರು ವಾರಕ್ಕೆ ಗಂಟು ವಾಪಸು ಬಂತು. ಮಾವ ಕಟ್ಟೆಯ ಮೇಲೆ ಬಿಚ್ಚಿದ. ಸೀರೆಗಳಲ್ಲಿ ತೇವ ಹೊಕ್ಕಿತ್ತು. ಪೊಟ್ಟಣಗಳು ಕರಗಿ ಅರಿಷಿಣವೂ ಕುಂಕುಮವೂ ಒಂದಾಗಿ, ಒಂದೊಂದು ಸೀರೆಯ ಒಂದೊಂದು ಮಡಿಕೆಯಲ್ಲೂ ಅಂಗೈಯಷ್ಟು ಕಲೆ ಬಿದ್ದಿತ್ತು. ಜೊತೆಗೆ ಒಂದು ಕಾರ್ಡು. ಮರಾಠಿಯಲ್ಲಿ ಇಷ್ಟೇ ಬರೆದಿತ್ತು: ದಸರೆಗೆ ಇಪ್ಪತ್ತುನಾಲ್ಕು ಸೀರೆ ಬೇಕು. ಅವೂ ಹೀಗೆ ಬಂದರೆ ಬೇರೆ ಊರಿನ ಮಾಲು ತರಿಸುತ್ತೇನೆ.

ಮಾವ ಅದನ್ನು ಎರಡು ಸಲ ಓದಿದ. ಪುಣೆ ಕೈಬಿಟ್ಟರೆ ಒಂಬತ್ತು ಮನೆಯ ಮಗ್ಗ ನಿಲ್ಲುತ್ತವೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸುದ್ದಿ ಓಣಿಗೆ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಮರುದಿನ ಆಯಿ ಹೊಳೆಮಣ್ಣೂರಿನಿಂದ ಬಂದಿಳಿಯುವ ಹೊತ್ತಿಗೆ ಹೆಣ್ಣುಮಕ್ಕಳೆಲ್ಲ ಅಂಗಡಿಯ ಮುಂದೆ ಸೇರಿದ್ದರು. ಆಯಿ ಕಾಲಿನ ಕೆಸರನ್ನೂ ತೊಳೆಯದೆ ಕೂತು, ತಟ್ಟನ್ನೂ ಮೇಣದ ಬಟ್ಟೆಯನ್ನೂ ಎತ್ತಿ ಬೆಳಕಿಗೆ ಹಿಡಿದಳು. ಮೇಣದ ಬಟ್ಟೆಯ ಅಂಚಿನುದ್ದಕ್ಕೂ ತೂತುಗಳು ಸಾಲಾಗಿ ಹೊಳೆದವು.

“ಇದಕ್ಯಾಕ ದಬ್ಬಳ ಹಾಕಿದಿ?”

“ಗಟ್ಟಿ ಆಗ್ಲಿ ಅಂತ.”

“ನೀರು ಬರ್ಲಿ ಅಂತ ಬಾಗಿಲಾ ತಗದಿ. ಒಂದ ಎರಡ ಅಲ್ಲ, ಕಿಟಕಿ ಬಾಗಿಲಾ ಕೂಡಿ ನಲವತ್ತ.”

ಯಾರೋ ನಕ್ಕರು. ನನಗೆ ನೆಲ ಬಾಯ್ದೆರೆದರೆ ಸಾಕೆನಿಸಿತು. ಆಯಿ ಆಮೇಲೆ ಕಲೆಯ ಮೇಲೆ ಬೆರಳಾಡಿಸಿ, “ಪೊಟ್ಟಣ ಒಳಗಿಟ್ಟಿಯೇನು?” ಎಂದಳು. ಹೌದೆಂದೆ.

“ಮತ್ತೆಲ್ಲಿಡಬೇಕಿತ್ತು?” ಎಂದು ಮುಂದೆ ನಿಂತಿದ್ದ ಒಬ್ಬಾಕೆ ಕೇಳಿದಳು. ಮೂರು ಮಗ್ಗದ ಮನೆಯ ಹಿರಿಸೊಸೆ, ಮಾತಿನಲ್ಲಿ ಯಾರಿಗೂ ಸೋತವಳಲ್ಲ. “ಹಂಗಾರ ಇಷ್ಟ ವರ್ಷ ನೀ ಎಲ್ಲಿ ಇಡತಿದ್ದಿ ಆಯಿ, ನಮ್ಮ ಕುಂಕುಮ?”

ಆಯಿ ತಡಮಾಡಲಿಲ್ಲ. ಪೊಟ್ಟಣಗಳನ್ನೆಲ್ಲ ಒಂದು ಕರಟದಲ್ಲಿ ಸುರಿದು, ಜಾಲಿಮರದ ಅಂಟು ಕೂಡಿಸಿ ಕಲಸಿ, ಗಂಟಿನ ಮೇಲೆ ಬೊಟ್ಟು ಇಡುತ್ತಿದ್ದೆ ಎಂದಳು. ನಾನು ಮೂರು ವರ್ಷ ಎಣಿಕೆಯ ಗುರುತು ಎಂದು ತಿಳಿದಿದ್ದು ಅದೇ.

ಹಿರಿಸೊಸೆಯ ಮುಖ ಕೆಂಪಾಯಿತು. “ನಮ್ಮ ಕೂಸಿನ ಕುಂಕುಮಾ ಒಯ್ದು ಗೋಣಿಗೆ ಬಡದಿಯಲ್ಲಬೇ.”

“ಹೌದವಾ. ಕೂಸಿನ್ನ ಗಂಡನ ಮನಿಗೆ ಕಳಸೂವಾಗ ಕುಂಕುಮಾ ಹಣಿಗೆ ಹಚ್ಚತೀಯೋ, ಹೊಟ್ಟಿಯೊಳಗ ಇಟ್ಟ ಹೊಲಿತೀಯೋ?”

ಮೊದಲು ನಕ್ಕವಳು ಹಿರಿಸೊಸೆಯೇ. ಉಳಿದವರು ಅವಳ ಹಿಂದೆ ನಕ್ಕರು. ಮಾವ ಮಾತ್ರ ನಗಲಿಲ್ಲ. ದಸರೆಯ ಗಂಟನ್ನು ಗದಗಿನಿಂದ ಬಲ್ಲವರೊಬ್ಬರನ್ನು ಕರೆಸಿ ಕಟ್ಟಿಸುತ್ತೇನೆ, ಇವನು ರೋಣಕ್ಕೆ ಹೋಗಲಿ ಎಂದ.

“ಯಾರನ್ನೂ ಕರಸಬ್ಯಾಡ್ರಿ ಸಾವ್ಕಾರ್ರ” ಎಂದಳು ಆಯಿ. “ಇವನೇ ಕಟ್ಟಲಿ. ಎಲ್ಲಿ ನೀರ ಹೊಕ್ಕತಿ ಅಂತ ಇವನಷ್ಟ ಈಗ ಯಾರಿಗೂ ಗೊತ್ತಿಲ್ಲ.”

“ಮತ್ತ ಕೆಡಿಸಿದ್ರ?”

“ಇಲ್ಲೇ ತೋಯ್ಸಿ ನೋಡೋಣಲ್ರಿ. ಪುಣೇ ತನಕಾ ಯಾಕ ಕಾಯೂದು?”

ಭಾದ್ರಪದದಲ್ಲಿ ಒಂದು ಮುಂಜಾನೆ, ಕಲೆ ಬಿದ್ದ ಆ ಹನ್ನೆರಡು ಸೀರೆಗಳನ್ನೇ ಒಣಗಿಸಿ ಮತ್ತೆ ಗಂಟು ಕಟ್ಟಿದೆ. ಆಯಿ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಳು, ಒಂದು ಎಳೆಯನ್ನೂ ಮುಟ್ಟಲಿಲ್ಲ. ಮೇಣದ ಬಟ್ಟೆಯನ್ನು ಲಕೋಟೆಯಂತೆ ಮಡಚಿ, ಮಡಿಕೆಯ ಬಾಯಿ ಕೆಳಗೆ ಬರುವಂತೆ ಮಾಡಿ, ಸೂಜಿ ತಾಗಿಸದೆ ದಾರ ಸುತ್ತಿದೆ. ರವದಿ ಹಾಸಿ ತಟ್ಟು ಹೊಲಿದೆ, ಕಿವಿ ಬಿಗಿದೆ. ಅಂಗಡಿಯ ಮ್ಯಾಳಗಿ ಹತ್ತಿಸಿ, ಆ ಮಾಡಿನ ಮೇಲಿಂದ ಅಂಗಳಕ್ಕೆ ಕೆಡವಿದೆ. ಆಮೇಲೆ ಒಂಬತ್ತು ಮನೆಯ ಹೆಣ್ಣುಮಕ್ಕಳೂ ಒಂದೊಂದು ಕೊಡ ನೀರು ತಂದು ಅದರ ಮೇಲೆ ಸುರಿದರು. ಹಿರಿಸೊಸೆ ಎರಡು ಕೊಡ ತಂದಳು.

“ಒಂದ ಸಾಕಾಗೂದಿಲ್ಲೇನಬೇ?” ಎಂದೆ.

“ನಮ್ಮವು ಮೂರು ಮಗ್ಗ ಅದಾವು ತಮ್ಮಾ. ಇನ್ನೊಂದ ಕೊಡ ಬಾಕಿ ಐತಿ, ನಿಂದ್ರು” ಎಂದು ಮತ್ತೆ ಬಾವಿಗೆ ಹೋದಳು.

ಮಧ್ಯಾಹ್ನದವರೆಗೆ ಗಂಟು ಕೆಸರಿನಲ್ಲೇ ಬಿದ್ದಿತ್ತು. ಬಿಚ್ಚಿದಾಗ ರವದಿಯಿಂದ ನೀರು ಬಸಿಯುತ್ತಿತ್ತು. ಮೇಣದ ಬಟ್ಟೆ ಒರೆಸಿ ತೆರೆದೆ. ಸೀರೆ ಮುಟ್ಟಿ ನೋಡಿ, ಒಣಗೇ ಇವೆ ಎಂದೆ. ಆಯಿ ನನ್ನ ಕೈಯನ್ನು ಸರಿಸಿ, ಒಂದೊಂದು ಸೀರೆಯನ್ನೂ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕೈಗೆ ತಿಳಿಯದ ತೇವ ಕೆನ್ನೆಗೆ ತಿಳಿಯುತ್ತದೆ. ಹನ್ನೆರಡನ್ನೂ ಹಾಗೆ ನೋಡಿ, “ಹೂಂ” ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಬೇರೆಯವರು ಹಾರ ಹಾಕಿದ ಹಾಗೆ.

ದಸರೆಯ ಇಪ್ಪತ್ತುನಾಲ್ಕು ಸೀರೆಗಳನ್ನು ಮರುವಾರ ಹಾಗೆಯೇ ಕಟ್ಟಿದೆ. ಬೊಟ್ಟು ಇಡುವ ಹೊತ್ತಿಗೆ ಆಯಿ ಕರಟ ತಂದು ನಡುವೆ ಇಟ್ಟಳು. ಪ್ರತಿ ಮನೆಯಾಕೆಯೂ ತನ್ನ ಸೀರೆಗಳಷ್ಟು ಬೊಟ್ಟನ್ನು ತಾನೇ ಇಟ್ಟಳು. ಗೋಣಿಯ ಮುಖವೆಲ್ಲ ಕೆಂಪಾಯಿತು. ವಿಳಾಸ ಬರೆಯಲು ನನಗೆ ನಾಲ್ಕು ಬೆರಳು ಜಾಗವೂ ಉಳಿಯಲಿಲ್ಲ. ಒತ್ತೊತ್ತಾಗಿ ಬರೆದೆ.

ಗಂಟು ಹೋದ ದಿನ ರೋಣದ ಕಡೆಗೆ ಮೋಡ ಕಪ್ಪಿಟ್ಟಿತ್ತು. ಮೂರು ದಿನ ಬಿಡದೆ ಹೊಡೆಯಿತು. ಬಸ್ಸಿನ ನೆತ್ತಿಯ ಮೇಲೆ ಗಂಟು ತೋಯುತ್ತಿರುವುದು ಉಣ್ಣುವಾಗಲೂ ಕಣ್ಣಿಗೆ ಕಟ್ಟುತ್ತಿತ್ತು. ಮಾವ ನನ್ನ ಸಂಗಡ ಮಾತು ಕಡಿಮೆ ಮಾಡಿದ್ದ. ಓಣಿಯಲ್ಲಿ ನೇಯಲು ಹೊಸ ಹಾಸುನೂಲು ಯಾರೂ ಮಗ್ಗಕ್ಕೆ ಏರಿಸಿರಲಿಲ್ಲ. ಪುಣೆಯ ಮಾತು ತಿಳಿದ ಮೇಲೆ ನೋಡೋಣ ಎಂದು ಕೂತಿದ್ದರು. ಲಾಳಿಯ ಸದ್ದು ನಿಂತ ಓಣಿಯಲ್ಲಿ ನಡೆದು ಹೋಗುವುದು ಎಷ್ಟು ಕಷ್ಟವೆಂದು ನಾನು ತಿಳಿದದ್ದು ಆಗ.

ಹನ್ನೊಂದನೆಯ ದಿನ ಟಪಾಲಿನವನು ಕಾರ್ಡು ತಂದ. ಮಾವ ಕನ್ನಡಕ ಹುಡುಕುವಷ್ಟರಲ್ಲಿ ನಾನೇ ಓದಿದೆ. ಮಾಲು ಕೋರಾ, ಒಂದು ಹನಿಯೂ ಸೋಕಿಲ್ಲ, ದೀಪಾವಳಿಗೆ ಮೂವತ್ತು ಕಳಿಸಿರಿ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಗೋಣಿಯ ಮೇಲೆ ಇಷ್ಟೊಂದು ಕುಂಕುಮ ಯಾಕೆ, ನಮ್ಮ ಮನೆಯವರು ಕೇಳುತ್ತಿದ್ದಾರೆ.

ಓಡಿ ಹೋಗಿ ಆಯಿಗೆ ಹೇಳಿದೆ. ಅವಳು ಬೇವಿನೆಲೆ ಒಣಹಾಕುತ್ತಿದ್ದಳು.

“ಮೂವತ್ತಂದ್ರ ಎರಡು ಗಂಟ ಆಗತಾವು” ಎಂದಳು. “ಸುತಳಿ ತಂದಿಡು. ನಾ ಒಂದು, ನೀ ಒಂದು.”

ಅವತ್ತು ಸಂಜೆಯೊಳಗೆ ಓಣಿಯಲ್ಲಿ ಲಾಳಿ ಸದ್ದು ಮಾಡತೊಡಗಿದವು. ಮಾವ ಚಹಾ ತರಿಸಿ ಮೊದಲ ಬಸಿಯನ್ನು ನನ್ನ ಮುಂದೆ ಸರಿಸಿದ.

ಆಯಿ ಮತ್ತೆ ಆರು ವರ್ಷ ಕಟ್ಟೆಯ ಮೇಲೆ ಕೂತಳು. ನಾನು ಕಟ್ಟಿದ್ದರಲ್ಲಿ ಹುಳುಕು ಹುಡುಕುವುದನ್ನು ಕಡೆಯವರೆಗೂ ಬಿಡಲಿಲ್ಲ. ಸಿಕ್ಕಾಗ ಹೇಳುತ್ತಿದ್ದಳು, ಸಿಗದಾಗ ಸುಮ್ಮನಿರುತ್ತಿದ್ದಳು. ಆ ಸುಮ್ಮನಿರುವ ದಿನಗಳಿಗಾಗಿಯೇ ನಾನು ದುಡಿದೆ. ನರಗುಂದದ ವ್ಯಾಪಾರಿಗಳು ಆಮೇಲೆ ಕಂದೀಲಿನ ಗಾಜು, ಬಳೆ ಎಂದೆಲ್ಲ ಒಡೆಯುವ ಮಾಲನ್ನೂ ನನ್ನಿಂದ ಕಟ್ಟಿಸತೊಡಗಿದರು.

ಈಗ ನನಗೆ ಗಜೇಂದ್ರಗಡದಲ್ಲಿ ಒಂದು, ನರಗುಂದದಲ್ಲಿ ಒಂದು ಗೋದಾಮು ಇವೆ. ಗಂಟು ಕಟ್ಟುವವರು ಏಳು ಜನ, ಅದರಲ್ಲಿ ಐವರು ಹೆಣ್ಣುಮಕ್ಕಳು. ಮಾವನ ಕಾಲಕ್ಕೆ ಒಂಬತ್ತಿದ್ದ ಸೀರೆ ಕೊಡುವ ಮನೆ ಈಗ ಹದಿನಾಲ್ಕು.