ನಬುಕೇರಳ ಕತ್ತಿ

ಹದಿನೇಳನೇ ವಯಸ್ಸಿಗೆ ಮದುವೆಯಾಗಿ ಬಂದ ನಬುಕೇರಳಿಗೆ ಅತ್ತೆ ಕೊಟ್ಟದ್ದು ಒಡವೆಯಲ್ಲ, ಒಂದು ಕತ್ತಿ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಮಾಡಿದ್ದು. ತುದಿ ಬಾಗಿತ್ತು, ಹಿಡಿಗೆ ಮರದ ನಾರಿನ ಬಟ್ಟೆ ಸುತ್ತಿತ್ತು. ಜೊತೆಗೆ ಒಂದು ಮಾತನ್ನೂ ಕೊಟ್ಟಿದ್ದಳು ಅತ್ತೆ: “ಒಳ್ಳೆ ತೋಟದ ರಸ ಬಡ ತೋಟಕ್ಕೆ ತಾಗಬೇಕು. ದಾರೀಲಿ ಕತ್ತಿ ಒರೆಸಬೇಡ, ಭಾಗ್ಯ ಒರೆಸಿದ ಹಾಗೆ.”

ನಲವತ್ತಮೂರು ವರ್ಷ ನಬುಕೇರ ಆ ಕತ್ತಿಯನ್ನು ದಾರಿಯಲ್ಲಿ ಒರೆಸಲಿಲ್ಲ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಮರ್ಯಾದೆಯಾಯಿತು. ಬಾಳೆಯ ಬುಡದಲ್ಲಿ ಯಾವ ಮರಿಕಂದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು, ಒಣಗಿದ ಎಲೆಯನ್ನು ಎಷ್ಟು ಬಿಟ್ಟು ಕತ್ತರಿಸಬೇಕು ಎಂಬುದು ಅವಳ ಕೈಗೇ ಗೊತ್ತಿತ್ತು. ಕಯುಂಗ ರಸ್ತೆಯ ಆ ಹಳ್ಳಿಯಲ್ಲಿ ದಿನದ ಊಟವೆಂದರೆ ಬಾಳೆಕಾಯಿ ಬೇಯಿಸಿದ ಮಟೋಕೆ. ಅವಳ ಕತ್ತಿ ಆಡಿದ ತೋಟದ ಗೊನೆಯನ್ನು ಇಬ್ಬರು ಹೊರಬೇಕು ಎನ್ನುತ್ತಿದ್ದ ಜನ ತಮ್ಮ ತೋಟಗಳಿಗೂ ಅವಳನ್ನೇ ಕರೆಯುತ್ತಿದ್ದರು.

ಆ ಶನಿವಾರ ಸಂತೆಯಲ್ಲಿ ಅವಳು ಹಲಸಿನ ಮರದ ಕೆಳಗಿನ ಸಾಲಿನಲ್ಲಿ ನಿಂತಿದ್ದಳು. ಅಲ್ಲಿ ಹದಿನೈದು ದಿನಕ್ಕೊಮ್ಮೆ ಗಿಡದ ಆಸ್ಪತ್ರೆ ನಡೆಯುತ್ತಿತ್ತು. ಒಂದು ಮೇಜು, ಒಂದು ಭೂತಗನ್ನಡಿ, ಚಿತ್ರವಿರುವ ಹಾಳೆಗಳ ಕಟ್ಟು. ಹೊರದೇಶದ ಸಂಸ್ಥೆಯೊಂದು ಹಲವು ನಾಡುಗಳ ವಿಜ್ಞಾನಿಗಳು ಕಂಡುಕೊಂಡದ್ದನ್ನು ರೈತರಿಗೆ ತಿಳಿಯುವಂತೆ ಆ ಸೀಮೆಯ ಲುಗಾಂಡ ಭಾಷೆಯಲ್ಲಿ ಅಚ್ಚು ಹಾಕಿಸಿ, ಮೇಜಿನ ಹಿಂದಿದ್ದ ನಾಂಟೆಜಳಂಥವರಿಗೆ ಕಲಿಸಿ, ಸಂತೆಸಂತೆಗೆ ಕೂರಿಸಿತ್ತು. ನಾಂಟೆಜಳನ್ನು ಜನ ಗಿಡದ ಡಾಕ್ಟರು ಎನ್ನುತ್ತಿದ್ದರು.

ನಬುಕೇರಳ ಬುಟ್ಟಿಯಲ್ಲಿ ಅವಳದೇ ತೋಟದ ಒಂದು ಚಿಪ್ಪು ಕಾಯಿ ಮತ್ತು ಒಂದು ತುಂಡು ದಿಂಡು ಇತ್ತು. ಇನ್ನೂ ಬಲಿಯದ ಕಾಯಿ, ನಾಲ್ಕು ಹಳದಿ, ಉಳಿದವು ಹಸಿರು.

ಹಿಂದೆ ನಿಂತಿದ್ದ ನೆರೆಮನೆಯ ನಮಗ್ಗ ಇಣುಕಿ ನೋಡಿದಳು. “ಏನಕ್ಕ, ನಿನ್ ತೋಟಕ್ಕೂ ಜ್ವರಾನಾ? ನಿನ್ ಕತ್ತಿ ಕಂಡು ಹೆದರಿ ಕಾಯಿಗಳೆಲ್ಲ ಬೇಗ ಹಣ್ಣಾಗಿರ್ಬೇಕು!”

ಸಾಲೆಲ್ಲ ನಕ್ಕಿತು. ನಾಂಟೆಜ ನಗಲಿಲ್ಲ. ಕಾಯಿಯನ್ನು ಸೀಳಿದಳು, ಒಳಗೆ ಸುಟ್ಟ ಬೆಲ್ಲದ ಬಣ್ಣ. ದಿಂಡನ್ನು ಕೊಯ್ದಳು, ಕೀವಿನಂಥ ಹಳದಿ ರಸ ಮೆಲ್ಲಗೆ ಜಿನುಗಿತು.

“ಅಜ್ಜಿ, ಇದು ಬಾಳೆಯ ಸೊರಗು ರೋಗ. ಔಷಧ ಇಲ್ಲ. ರೋಗದ ಗಿಡಕ್ಕೆ ತಾಗಿದ ಕತ್ತಿ ಒಳ್ಳೆ ಗಿಡಕ್ಕೆ ತಾಗಿದ್ರೆ ಅದೂ ಹೋಗತ್ತೆ. ನಿಮ್ ತೋಟದಲ್ಲಿ ಕತ್ತಿ ಆಡಿಸಿದ್ದು ಯಾರು? ಆಮೇಲೆ ಆ ಕತ್ತಿ ಎಲ್ಲೆಲ್ಲಿಗೆ ಹೋಯ್ತು?”

ನಬುಕೇರ ಮನಸ್ಸಿನಲ್ಲೇ ಎಣಿಸಿದಳು. ಮಂಗಳವಾರ ತನ್ನ ತೋಟ. ಬುಧವಾರ ಎರಡು ತೋಟ. ಗುರುವಾರ ಬೆಳಿಗ್ಗೆ ನಮಗ್ಗಳದು, ಸಂಜೆ ಕುಂಬಾರನದು. ಒರೆಸದ ಕತ್ತಿ.

“ಗೊತ್ತಿಲ್ಲ ಮಗಳೇ” ಎಂದಳು.

ಹೇಳಿದ ಕೂಡಲೇ ಇನ್ನೊಂದು ನೆನಪಾಯಿತು. ಈ ಬೆಳಿಗ್ಗೆ ಸೊಸೆ ನಸ್ಸೂನ ಬಂದು ಕತ್ತಿ ಒಯ್ದಿದ್ದಳು. “ಮಗೂನ ಗಿಡ ಚೊಕ್ಕ ಮಾಡಬೇಕು ಅತ್ತೆ” ಎಂದಿದ್ದಳು.

ಮೊಮ್ಮಗ ಹುಟ್ಟಿ ನಾಲ್ಕು ತಿಂಗಳು. ಅವನ ಮಾಸನ್ನು ಮಗನ ತೋಟದ ಒಂದು ಬಾಳೆಯ ಬುಡದಲ್ಲಿ ಹೂತಿದ್ದರು. ಅಲ್ಲಿನವರಿಗೆ ಮಾಸು ಎಂದರೆ ಮಗುವಿನ ಜೊತೆ ಹುಟ್ಟಿದ ಅವಳಿ. ಆ ಗಿಡದ ಗೊನೆ ಬಲಿಯುವವರೆಗೆ ಅದನ್ನು ಕೂಸಿನಂತೆ ಕಾಯಬೇಕು. ಬಲಿತ ಮೇಲೆ ಅದನ್ನು ಮಗುವಿನ ತಂದೆಯ ತಾಯಿ ಉಣ್ಣಬೇಕು. ಗಿಡ ಸತ್ತರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಎಲ್ಲರೂ ಮಗುವಿನ ಮುಖ ನೋಡುತ್ತಾರೆ. ನಬುಕೇರ ಚರ್ಚಿನ ಭಾನುವಾರದ ಪೂಜೆ ತಪ್ಪಿಸಿದವಳಲ್ಲ, ಇದನ್ನೂ ಬಿಟ್ಟವಳಲ್ಲ. ದೇವರಿಗೆ ಎರಡೂ ಗೊತ್ತೇ ಇದೆ ಎಂದುಕೊಂಡಿದ್ದಳು.

ಬುಟ್ಟಿಯನ್ನು ಅಲ್ಲೇ ಬಿಟ್ಟು ರಸ್ತೆಗೆ ಓಡಿ ಬಾಡಿಗೆ ಬೈಕ್ ಹತ್ತಿದಳು.

“ಬೇಗ ಹೋಗಪ್ಪ.”

“ಸ್ವರ್ಗಕ್ಕೆ ಇಷ್ಟು ಆತುರವಾ ಅಜ್ಜಿ?”

“ಬಾಯಿ ಮುಚ್ಕೊಂಡು ಓಡ್ಸು.”

ದಾರಿಯುದ್ದಕ್ಕೂ ಜಪಮಣಿ ಎಣಿಸಿದಳು. ಯಾವ ಪ್ರಾರ್ಥನೆಯೂ ಕೊನೆ ಮುಟ್ಟಲಿಲ್ಲ. ‘ಇನ್ನೂ ಕಡಿದಿರಬಾರದು’ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು.

ಅತ್ತೆಯನ್ನು ಕಂಡ ನಸ್ಸೂನ ತೋಟದಲ್ಲೇ ಮಂಡಿಯೂರಿ ನಮಸ್ಕರಿಸಿದಳು. ಬೆನ್ನಿಗೆ ಕಟ್ಟಿದ ಮಗು ನಿದ್ದೆಯಲ್ಲಿತ್ತು. ಕತ್ತಿ ಅವಳ ಪಕ್ಕದಲ್ಲಿ, ಒದ್ದೆಯಾಗಿ.

“ಆಯ್ತು ಅತ್ತೆ. ಎಲೆ ತೆಗೆದೆ, ಗೊನೆ ತುದಿಯ ಹೂವನ್ನೂ ಕೊಯ್ದೆ. ನೀವು ಹೇಳಿದ ಹಾಗೇ ಬಾಗಿದ ತುದೀಲೇ.”

ಕೊಯ್ದ ಜಾಗದಿಂದ ತಿಳಿ ರಸ ತೊಟ್ಟಿಕ್ಕುತ್ತಿತ್ತು.

ಹಿಂದೊಮ್ಮೆ ಈ ಸೀಮೆಗೆ ಇಂಥದೇ ರೋಗ ಬಂದಾಗ ಬಾಳೆಯ ಬುಡವನ್ನೇ ಅಗೆಸಿದ್ದರು. ಈ ಬುಡವನ್ನು ಅಗೆಯುವುದು ಎಂದರೆ? ನಬುಕೇರಳಿಗೆ ಮುಂದಕ್ಕೆ ಯೋಚಿಸಲಾಗಲಿಲ್ಲ. ಬೇರೆ ದಾರಿ ಇದೆಯೋ ಇಲ್ಲವೋ ಹೇಳಬಲ್ಲವಳು ನಾಂಟೆಜ ಒಬ್ಬಳೇ. ಆದರೆ ಅವಳು ಮತ್ತೆ ಅದನ್ನೇ ಕೇಳುತ್ತಾಳೆ: ಕತ್ತಿ ಎಲ್ಲೆಲ್ಲಿಗೆ ಹೋಗಿತ್ತು?

ಬೈಕಿನವನು ಇನ್ನೂ ಹೊರಟಿರಲಿಲ್ಲ. “ತಿರುಗ್ಸಪ್ಪ” ಎಂದಳು.

ಸಂತೆ ಕರಗುತ್ತಿತ್ತು. ನಾಂಟೆಜ ಹಾಳೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಮಗ್ಗ ಮರದಡಿಯಲ್ಲಿ ಕೂತು ಕೊಂಡ ಅವರೆಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ಅವಳು ಹೋಗುವವರೆಗೆ ಕಾಯೋಣ ಎನ್ನಿಸಿತು ನಬುಕೇರಳಿಗೆ. ಕಾಯಲಿಲ್ಲ.

“ಮಗಳೇ, ಆಗ ಸುಳ್ಳು ಹೇಳಿದೆ. ಕತ್ತಿ ಆಡಿಸಿದ್ದು ನಾನೇ. ಬರ್ಕೋ.” ಒಂದೊಂದೇ ತೋಟದ ಹೆಸರು ಹೇಳಿದಳು. ನಾಲ್ಕನೆಯದು ನಮಗ್ಗಳದು.

ಕಾಳು ಆರಿಸುವ ಕೈ ನಿಂತಿತು. “ನಂದಾ? ಮೊನ್ನೆ ಗುರುವಾರಾನಾ? ನಾನೇ ಕರೆದು, ಕಡಲೆಕಾಯಿ ಸಾರು ಮಾಡಿ ಬಡಿಸಿ, ನಾನೇ ನನ್ ತೋಟ ಕೊಲ್ಲಿಸ್ಕೊಂಡ್ನಾ?”

ನಬುಕೇರ ಅವಳ ಮುಂದೆ ಮಂಡಿಯೂರಿದಳು. ತನಗಿಂತ ಹದಿನೈದು ವರ್ಷ ಚಿಕ್ಕವಳ ಮುಂದೆ. ಅಕ್ಕಪಕ್ಕದ ಗಂಡಸರು ಮುಖ ತಿರುಗಿಸಿಕೊಂಡರು. ಚಿಕ್ಕವಳಾದವಳು ಕೂಡಲೇ ‘ಏಳಕ್ಕ’ ಎನ್ನಬೇಕಿತ್ತು. ನಮಗ್ಗ ಕಾಳನ್ನು ಸೆರಗಿಗೆ ಸುರಿದುಕೊಂಡು ಎದ್ದು ಹೋದಳು.

ನಾಂಟೆಜಳೇ ತೋಳು ಹಿಡಿದು ಎಬ್ಬಿಸಿದಳು. ಮಗುವಿನ ಗಿಡದ ವಿಷಯವನ್ನು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ಕಟ್ಟಿನಿಂದ ಒಂದು ಹಾಳೆ ತೆಗೆದಳು.

“ಮೊದಲು ಬುಡಾನೇ ಅಗೀರಿ ಅಂತಿದ್ವಿ. ಈಗ ಹಾಗಲ್ಲ ಅಜ್ಜಿ. ಪ್ರಯೋಗ ಮಾಡಿ ನೋಡಿದಾರೆ. ರೋಗ ಕಂಡ ದಿಂಡನ್ನ ಮಾತ್ರ ನೆಲಮಟ್ಟಕ್ಕೆ ಕಡೀಬೇಕು. ಬುಡ ಮಣ್ಣಲ್ಲೇ ಇರ್ಲಿ. ಒಂದೊಂದು ಗಿಡಕ್ಕೂ ಕತ್ತೀನ ಬೆಂಕೀಲಿ ಕಾಯಿಸ್ಬೇಕು. ಹೂವಿಗೆ ಕತ್ತಿ ಬೇಡವೇ ಬೇಡ, ಕವಲು ಕೋಲು ಸಿಕ್ಕಿಸಿ ತಿರುಚಿ ಮುರೀರಿ.”

“ನನ್ ಮೊಮ್ಮಗನ ಗಿಡಕ್ಕೂ ರೋಗ ಬರತ್ತಾ?”

“ಬರಬಹುದು. ಬರದೇನೂ ಇರಬಹುದು. ಕಾದು ನೋಡ್ಬೇಕು.”

ಆ ಹಾಳೆ ಹಿಡಿದು ನಬುಕೇರ ಉಳಿದ ಮೂರು ತೋಟಗಳ ಬಾಗಿಲಿಗೂ ಹೋದಳು. ಕುಂಬಾರ ಸುಮ್ಮನೆ ತಲೆಯಾಡಿಸಿದ. ಒಂದು ಮನೆಯಲ್ಲಿ ಕೂರಲು ಚಾಪೆ ಹಾಸಲಿಲ್ಲ. ಮಗ ಹದಿನೈದು ದಿನ ಅವಳೊಡನೆ ಮಾತು ಬಿಟ್ಟ. ದಿನಾ ಬೆಳಗಿನ ಪ್ರಾರ್ಥನೆ ಮುಗಿಸಿ ಅವಳು ಅವನ ತೋಟಕ್ಕೆ ನಡೆದು, ಆ ಗಿಡದ ಎಲೆಗಳನ್ನು ಒಂದೊಂದಾಗಿ ನೋಡಿ ಬರುತ್ತಿದ್ದಳು. ಹಸಿರು. ಮರುದಿನವೂ ಹಸಿರು. ಇನ್ನೂ ಬಲಿಯಬೇಕಿದ್ದ ಕಾಯಿಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು.

ಐದನೇ ವಾರದಲ್ಲಿ ಒಂದು ಎಲೆ ಬಿಸಿನೀರು ಎರಚಿದಂತೆ ಹಳದಿಯಾಗಿ ಜೋತುಬಿದ್ದಿತ್ತು. ಒಂದು ಕಾಯಿ ಹಣ್ಣಾಗಿತ್ತು.

ನಸ್ಸೂನ ಮಗುವನ್ನು ಅವುಚಿಕೊಂಡು ಗಿಡಕ್ಕೆ ಅಡ್ಡ ನಿಂತಳು. “ಬೇಡ ಅತ್ತೆ. ನಿಮ್ಮ ಕೈಯಾರೆ ಕಡೀತೀರಾ? ಮಗೂಗೆ ಏನಾದ್ರೂ ಆದ್ರೆ?”

“ಬಿಟ್ರೆ ಬುಡಾನೂ ಹೋಗತ್ತಮ್ಮ. ಅವನ ಅವಳಿ ಮಲಗಿರೋದು ಬುಡದಲ್ಲಿ, ದಿಂಡಲ್ಲಲ್ಲ” ಎಂದಳು ನಬುಕೇರ. ಆದರೆ ಕತ್ತಿ ಹಿಡಿದ ಕೈ ಮೇಲೇಳಲಿಲ್ಲ.

ಆಗ ಸುದ್ದಿ ಕೇಳಿದ ನಮಗ್ಗ ಬೇಲಿಯ ಆಚೆಯಿಂದ ಬಂದಳು. ಹಳೇ ಬಟ್ಟೆಯಲ್ಲಿ ಎರಡು ಹಿಡಿಕೆ ಹಿಡಿದು ಉರಿಯುವ ಇದ್ದಿಲೊಲೆ ಹೊತ್ತು ತಂದಿದ್ದಳು. ಅವಳ ತೋಟದಲ್ಲಿ ಆವರೆಗೆ ಹನ್ನೊಂದು ದಿಂಡು ಉರುಳಿದ್ದವು.

ಒಲೆಯನ್ನು ಗಿಡದ ಪಕ್ಕ ಇಟ್ಟು ಕೈ ಚಾಚಿದಳು. “ಕೊಡಕ್ಕ ಇಲ್ಲಿ. ನೀನು ಅರೆಬರೆ ಕಾಯಿಸ್ತೀಯ. ಇನ್ಮೇಲೆ ನಾನು ನಿನ್ ಕತ್ತೀನ ನಂಬಲ್ಲ, ಬೆಂಕೀನ ನಂಬ್ತೀನಿ.”

ನಸ್ಸೂನ ಮೆಲ್ಲಗೆ ಪಕ್ಕಕ್ಕೆ ಸರಿದಳು. ಕತ್ತಿ ಕೆಂಪಾಗುವವರೆಗೆ ನಮಗ್ಗ ಅದನ್ನು ಕೆಂಡದಲ್ಲಿ ಹೊರಳಿಸಿದಳು.

ಅದು ತಣಿದ ಮೇಲೆ ನಬುಕೇರ ಶಿಲುಬೆಯ ಗುರುತು ಮಾಡಿಕೊಂಡು, ಬಗ್ಗಿ, ಮಣ್ಣು ಕದಡದಂತೆ ನೆಲಮಟ್ಟಕ್ಕೆ ಕಡಿದಳು. ದಿಂಡು ಗೊನೆಯ ಸಮೇತ ಅತ್ತ ಒರಗಿತು. ಬುಡದ ಇನ್ನೊಂದು ಪಕ್ಕದಲ್ಲಿ ಗೇಣುದ್ದದ ಹಸಿರು ಮರಿಕಂದೊಂದು ಎಲೆಯ ಸುರುಳಿ ಬಿಚ್ಚದೆ ನಿಂತಿತ್ತು. ಅದರ ಸುತ್ತಲಿನ ಮಣ್ಣನ್ನು ಅಂಗೈಯಿಂದ ಮೆತ್ತಗೆ ಒತ್ತಿದಳು.

ಅಷ್ಟರಲ್ಲಿ ನಮಗ್ಗ ಕತ್ತಿಯನ್ನು ಎತ್ತಿಕೊಂಡು ಮತ್ತೆ ಕೆಂಡಕ್ಕೆ ಇಟ್ಟಿದ್ದಳು.