ಕಳಸದ ಕಪ್ಪುಕುಳಿ ಪಾಠ ಮತ್ತು ಒಂದು ವಂದನಾರ್ಪಣೆ

ನಮ್ಮ ಆಕಾಶಗಂಗೆಯ ನಡುವೆ ಇರುವ ಕಪ್ಪುಕುಳಿಯ ಮೊದಲ ಚಿತ್ರ ಪತ್ರಿಕೆಗಳಲ್ಲಿ ಬಂದದ್ದು 2022ರಲ್ಲಿ. ಆ ಹೊತ್ತಿಗೆ ನಾನು ಚಿಕ್ಕಮಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರ ಉಪನ್ಯಾಸಕನಾಗಿದ್ದು ನಿವೃತ್ತನಾಗಿದ್ದೆ. ಕೆಲಸ ಮುಗಿದರೂ ಬೆಳಿಗ್ಗೆ ಐದಕ್ಕೆ ಏಳುವ, ಆರಕ್ಕೆ ಸ್ನಾನ ಮುಗಿಸುವ, ಏಳಕ್ಕೆ ಓದಲು ಕೂರುವ ಅಭ್ಯಾಸ ಮುಗಿಯಲಿಲ್ಲ. ಓದಿದ್ದನ್ನು ಯಾರಿಗಾದರೂ ಹೇಳಬೇಕಲ್ಲ. ಹಾಗಾಗಿ ಭಾನುವಾರಗಳಂದು ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪದ ಕಡೆ ಹೋಗಿ ವಿಜ್ಞಾನದ ಉಪನ್ಯಾಸ ಕೊಡುವ ಕೆಲಸ ಹಚ್ಚಿಕೊಂಡೆ.

ಕಳಸದಿಂದ ಕರೆ ಬಂದದ್ದು ಮರುವರ್ಷ. ಕರೆದವರು ಶಿವಲಿಂಗಪ್ಪ ಎಂಬ ಮೆಣಸು ವ್ಯಾಪಾರಿ. ನಲವತ್ತೈದರ ಆಸುಪಾಸಿನ, ಅಚ್ಚುಕಟ್ಟಾದ ಮನುಷ್ಯ. ಊರಿನ ಓದುವ ಮನೆಯೊಂದರ ಸಮಿತಿಗೆ ಅವರೇ ಅಧ್ಯಕ್ಷರು. "ಕಾಫಿ ಕೊಯ್ಲು ಮುಗಿದಿದೆ ಸರ್, ಗಿಡ ಅರಳಿಸೋ ಹೂ ಮಳೆ ಇನ್ನೂ ಬಂದಿಲ್ಲ. ಜನಕ್ಕೆ ಬಿಡುವಿದೆ. ಈ ಕಪ್ಪುಕುಳಿ, ಟೈಮ್ ಟ್ರಾವೆಲ್ ಅಂತಾರಲ್ಲ, ಅದನ್ನ ನಮ್ಮಂಥವರಿಗೆ ಅರ್ಥ ಆಗೋ ಹಾಗೆ ಹೇಳಿ" ಎಂದರು. ಮೂರು ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ ಎಂದು ನಿಗದಿಯಾಯಿತು.

ಮೊದಲ ಭಾನುವಾರ ನಾನು ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ತಲುಪಿದೆ. ಐವತ್ತು ವರ್ಷ ದಾಟಿದ ಒಬ್ಬ ಮನುಷ್ಯ ಬೆಂಚುಗಳನ್ನು ಒಬ್ಬನೇ ಹೊತ್ತು ತಂದು ಸಾಲಾಗಿ ಹಾಕುತ್ತಿದ್ದ. ಸಾಲು ನೇರವಾಗಿತ್ತು, ಅದು ನನಗೆ ಹಿಡಿಸಿತು. ಹೆಸರು ಕೇಳಿದೆ. ಮಂಜಪ್ಪ, ಶಿವಲಿಂಗಪ್ಪನವರ ಗೋಡೌನಿನಲ್ಲಿ ಮೆಣಸು ಒಣಗಿಸಿ ಜರಡಿ ಹಿಡಿಯುವ ಕೆಲಸ. "ಬೆಂಚು ಹಾಕಿದ ಮೇಲೆ ಹೊರಡ್ತೀಯೋ, ಕೂತು ಕೇಳ್ತೀಯೋ?" ಎಂದೆ. "ಕೇಳ್ಬಹುದಾ ಸರ್?" ಎಂದು ಕೊನೆಯ ಬೆಂಚಿನ ತುದಿಯಲ್ಲಿ ಕುಳಿತ.

ಆ ದಿನ ಕಪ್ಪುಕುಳಿಯ ಪಾಠ. ಮೇಲಕ್ಕೆಸೆದ ಕಲ್ಲು ಕೆಳಗೆ ಬೀಳುತ್ತದೆ. ಸೆಕೆಂಡಿಗೆ ಹನ್ನೊಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಎಸೆದರೆ ಬೀಳದೆ ಭೂಮಿಯನ್ನೇ ಬಿಟ್ಟು ಹೋಗುತ್ತದೆ. ಇದಕ್ಕೆ ಎಸ್ಕೇಪ್ ವೆಲಾಸಿಟಿ ಎಂದು ಹೆಸರು. ಈಗ ಇಡೀ ಭೂಮಿಯನ್ನು ಹಿಸುಕಿ ಹಿಸುಕಿ ಒಂದು ದಪ್ಪ ಕಾಫಿ ಹಣ್ಣಿನಷ್ಟು ಮಾಡಿದಿರಿ ಎಂದಿಟ್ಟುಕೊಳ್ಳಿ. ತೂಕ ಅಷ್ಟೇ, ಗಾತ್ರ ಮಾತ್ರ ಇಷ್ಟು. ಆಗ ಅದರ ಹಿಡಿತದಿಂದ ಬೆಳಕೂ ತಪ್ಪಿಸಿಕೊಳ್ಳಲಾರದು. ಅದೇ ಕಪ್ಪುಕುಳಿ. ಅದರ ಸುತ್ತ ಒಂದು ಗಡಿ ಇರುತ್ತದೆ, ಈವೆಂಟ್ ಹೊರೈಜನ್. ಆ ಗಡಿಯ ಒಳಕ್ಕೆ ಹೋದದ್ದು ಹಿಂತಿರುಗುವುದಿಲ್ಲ. ನಮ್ಮ ಆಕಾಶಗಂಗೆಯ ನಡುವಿನದು ನಲವತ್ತು ಲಕ್ಷ ಸೂರ್ಯರಷ್ಟು ತೂಕದ್ದು.

"ಆದರೆ ಅದು ಎಲ್ಲವನ್ನೂ ನುಂಗುವ ರಾಕ್ಷಸನಲ್ಲ" ಎಂದೆ. "ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇಟ್ಟರೂ ಭೂಮಿ ಹೀಗೇ ಸುತ್ತುತ್ತಿರುತ್ತದೆ. ಬಿಸಿಲು ಇರುವುದಿಲ್ಲ, ಅಷ್ಟೆ."

ಟೈಲರ್ ಜಲಜಾಕ್ಷಿ ಎರಡನೇ ಸಾಲಿನಿಂದ, "ಅಷ್ಟೆ ಅಂತೀರಲ್ಲ ಸರ್, ಕಾಫಿ ಒಣಗಿಸೋದು ಎಲ್ಲಿ?" ಎಂದರು. ಎಲ್ಲರೂ ನಕ್ಕರು. ಸಭೆ ಚೆನ್ನಾಗಿದೆ ಅನ್ನಿಸಿತು.

ಎರಡನೇ ಭಾನುವಾರ ಕಾಲದ ಪಾಠ. ಗುರುತ್ವ ಹೆಚ್ಚಿದ್ದಲ್ಲಿ ಗಡಿಯಾರ ನಿಧಾನ, ಕಡಿಮೆ ಇದ್ದಲ್ಲಿ ಬೇಗ. ಕಳಸದ ಪೇಟೆಯ ಗಡಿಯಾರಕ್ಕಿಂತ ಗುಡ್ಡದ ನೆತ್ತಿಯ ಗಡಿಯಾರ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ಮುಂದೆ ಓಡುತ್ತದೆ. ನಮ್ಮ ಫೋನಿಗೆ ದಾರಿ ತೋರಿಸುವ ಉಪಗ್ರಹಗಳಲ್ಲಿ ಈ ವ್ಯತ್ಯಾಸವನ್ನು ದಿನವೂ ಸರಿಪಡಿಸದಿದ್ದರೆ ದಾರಿಯೇ ತಪ್ಪುತ್ತದೆ. ಕಪ್ಪುಕುಳಿಯ ಹತ್ತಿರ ಈ ಅಂತರ ವರ್ಷಗಳಷ್ಟಾಗಬಹುದು.

"ಅದಕ್ಕೇ ಮಾರಾಯ, ಗುಡ್ಡದ ಮೇಲಿನ ಲೈನ್ ಮನೆಯವರಿಗೆ ಬೇಗ ತಲೆ ನೆರೆಯೋದು" ಎಂದು ಯಾರೋ ಪಕ್ಕದವನಿಗೆ ಹೇಳಿದ್ದು ನನಗೂ ಕೇಳಿಸಿತು.

ಪ್ರಶ್ನೆಗಳ ಸಮಯದಲ್ಲಿ ಕೊನೆಯ ಬೆಂಚಿನಿಂದ ಮಂಜಪ್ಪ ಎದ್ದು ನಿಂತ. ಕೈ ಕಟ್ಟಿಕೊಂಡಿದ್ದ.

"ಸರ್, ಹಿಂದಕ್ಕೆ ಹೋಗೋದು ಮುಂದಿನ ವಾರ ಹೇಳ್ತೀರಿ ಅಂತ ಗೊತ್ತು. ಆದ್ರೂ ಒಂದು. ಹೋಗಿ ಏನೂ ಮುಟ್ಟೋದು ಬೇಡ, ಬದಲಾಯಿಸೋದು ಬೇಡ. ಸುಮ್ನೆ ನೋಡ್ಕಂಡು ಬರೋಕಾಗುತ್ತಾ?"

ಹೋಗಲಾಗುವುದಿಲ್ಲ ಎಂದೆ. ಆದರೆ ಪ್ರಶ್ನೆ ಒಳ್ಳೆಯದಾಗಿತ್ತು, ನನಗೆ ಹುರುಪು ಬಂತು. ವಿವರಿಸಿದೆ. ಸೂರ್ಯನ ಬೆಳಕು ನಮಗೆ ತಲುಪಲು ಎಂಟು ನಿಮಿಷ ಬೇಕು, ಆದ್ದರಿಂದ ನಾವು ನೋಡುವುದು ಎಂಟು ನಿಮಿಷ ಹಿಂದಿನ ಸೂರ್ಯನನ್ನು. ಹಾಗೆಯೇ ಭೂಮಿಯಿಂದ ಹೊರಟ ಬೆಳಕೂ ಹೋಗುತ್ತಲೇ ಇರುತ್ತದೆ. ಇಪ್ಪತ್ತು ವರ್ಷದ ಹಿಂದೆ ಇಲ್ಲಿ ನಡೆದದ್ದರ ಬೆಳಕು ಈಗ ಇಪ್ಪತ್ತು ಜ್ಯೋತಿರ್ವರ್ಷ ದೂರದಲ್ಲಿದೆ. ಅಷ್ಟು ದೂರದಲ್ಲಿ ನಕ್ಷತ್ರಗಳೂ ಇವೆ. ಊಹೆಗೂ ಮೀರಿದ ದೊಡ್ಡ ದೂರದರ್ಶಕ ಹಿಡಿದು ಅಲ್ಲಿ ಯಾರಾದರೂ ಕೂತಿದ್ದರೆ, ಅವರಿಗೆ ಅದು ಈಗ ನಡೆಯುತ್ತಿರುವ ಹಾಗೆ ಕಾಣುತ್ತದೆ. "ಯಾವ ದಿನ ನೋಡಬೇಕು ನಿನಗೆ?" ಎಂದು ತಮಾಷೆಯ ದನಿಯಲ್ಲೇ ಕೇಳಿದೆ.

"ನನ್ನ ತಮ್ಮ ಸತ್ತ ದಿನ ಸರ್. ನಾನು ಬ್ರೇಕ್ ಒತ್ತಿದ್ನೋ ಇಲ್ವೋ ಅಂತ ನೋಡ್ಬೇಕು."

ಮುಂದಿನ ಸಾಲಿನಲ್ಲಿದ್ದ ಶಿವಲಿಂಗಪ್ಪ ಹಿಂತಿರುಗದೆಯೇ, "ಸಾಕು ಮಂಜಪ್ಪ, ಕೂತ್ಕ" ಎಂದರು.

ಆಮೇಲೆ ಜಲಜಾಕ್ಷಿ ನನಗೆ ವಿಷಯ ತಿಳಿಸಿದರು. ಕುದುರೆಮುಖದಲ್ಲಿ ಗಣಿ ಇನ್ನೂ ನಡೆಯುತ್ತಿದ್ದ ಕಾಲ. ಶಿವಲಿಂಗಪ್ಪನವರ ಮನೆಯಿಂದ ಅಲ್ಲಿನ ಟೌನ್‌ಶಿಪ್ಪಿಗೆ ದಿನಸಿ ಹೋಗುತ್ತಿತ್ತು, ಮಂಜಪ್ಪ ಅವರ ಜೀಪಿನ ಡ್ರೈವರ್. ಒಂದು ದಿನ ಬರುವಾಗ ಹುಲ್ಲುಗುಡ್ಡದ ತಿರುವಿನಲ್ಲಿ ಜೀಪು ಮಗುಚಿತು. ಹಿಂದಿನ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಿದ್ದ ಮಂಜಪ್ಪನ ತಮ್ಮ ರಾಜು ಜೀಪಿನಡಿ ಸಿಕ್ಕಿ ಸತ್ತ. ಮಂಜಪ್ಪನ ತಲೆಗೆ ಪೆಟ್ಟು ಬಿದ್ದು ಆ ಇಡೀ ದಿನವೇ ನೆನಪಿನಿಂದ ಅಳಿಸಿಹೋಯಿತು. ಜೀಪಿನಲ್ಲಿದ್ದ ಮೂರನೆಯವರು ಶಿವಲಿಂಗಪ್ಪ, ಆಗ ಇಪ್ಪತ್ತೈದರ ಹುಡುಗ. ಅವರಿಗೆ ಗಾಯವಾಗಿರಲಿಲ್ಲ, ನಡೆದದ್ದನ್ನು ಪೊಲೀಸರಿಗೂ ಕೋರ್ಟಿಗೂ ಹೇಳಿದವರು ಅವರೇ. ಮಂಜಪ್ಪನಿಗೆ ಶಿಕ್ಷೆಯಾಯಿತು, ಲೈಸೆನ್ಸ್ ಹೋಯಿತು. ತಾಯಿ ದ್ಯಾವಮ್ಮ ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟು, ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿರುವ ಮಗಳ ಹತ್ತಿರ ಹೋದಳು. "ಜೈಲಿಂದ ಬಂದ ಮೇಲೆ ಇವನನ್ನ ಯಾರು ಸೇರಿಸ್ತಿದ್ರು ಸರ್? ಸಾವ್ಕಾರ್ರೇ ಕರೆದು ಗೋಡೌನಲ್ಲಿ ಕೆಲಸ ಕೊಟ್ರು. ದೇವರಂಥವರು" ಎಂದರು ಜಲಜಾಕ್ಷಿ.

ನನ್ನನ್ನು ಬಸ್ಸಿನವರೆಗೆ ಬಿಡಲು ಶಿವಲಿಂಗಪ್ಪ ಬಂದರು. ದಾರಿಯಲ್ಲಿ ಕೇಳಿದರು.

"ಸರ್, ಮೋಡ ಇದ್ರೆ ಆ ಬೆಳಕು ಮೇಲೆ ಹೋಗಲ್ಲ, ಅಲ್ವಾ?"

"ಹೋದರೂ ಚೆದುರಿ ಹೋಗುತ್ತದೆ. ಚಿತ್ರ ಉಳಿಯುವುದಿಲ್ಲ" ಎಂದೆ.

"ಬಿಸಿಲಿದ್ರೆ? ಮರ ಇಲ್ಲದ ಬಯಲಾದ್ರೆ?"

"ಹಾಗಿದ್ದರೆ ಹೋಗಿರುತ್ತದೆ."

"ಮುಂದೆ ಆ ಕಪ್ಪುಕುಳಿ ಸಿಕ್ಕಿ, ಅದರೊಳಗೆ ಬಿದ್ರೆ ಮುಗೀತು?"

"ಸ್ವಲ್ಪ ಬೀಳಬಹುದು. ಬೆಳಕು ಒಂದೇ ಕಡೆ ಹೋಗುವುದಿಲ್ಲವಲ್ಲ. ಎಲ್ಲವೂ ಬೀಳಲು ಸಾಧ್ಯವಿಲ್ಲ."

ಅವರು ತಲೆಯಾಡಿಸಿದರು. ಮೆಣಸಿನ ವ್ಯಾಪಾರಿಯೊಬ್ಬರು ಇಷ್ಟು ಕ್ರಮವಾಗಿ ಪ್ರಶ್ನೆ ಕೇಳುತ್ತಿದ್ದಾರಲ್ಲ ಎಂದು ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಂತೋಷಪಟ್ಟೆ. ಮೂವತ್ತು ವರ್ಷ ವಿದ್ಯಾರ್ಥಿಗಳ ಮುಖ ನೋಡಿದ ನನಗೆ ಅವರ ಮುಖ ಓದಲು ಬರಲಿಲ್ಲ.

ಮೂರನೇ ಭಾನುವಾರ ಟೈಮ್ ಟ್ರಾವೆಲ್. ಮುಂದಕ್ಕೆ ಹೋಗುವುದಕ್ಕೆ ವಿಜ್ಞಾನದ ಒಪ್ಪಿಗೆ ಇದೆ ಎಂದೆ: ಬೆಳಕಿನ ವೇಗಕ್ಕೆ ಹತ್ತಿರ ಓಡಿ ಬಂದವನಿಗೆ, ಕಪ್ಪುಕುಳಿಯ ಗಡಿಯ ಬಳಿ ಸುತ್ತಿ ಬಂದವನಿಗೆ, ಇಲ್ಲಿ ಹೆಚ್ಚು ವರ್ಷ ಕಳೆದಿರುತ್ತದೆ. ಹಿಂದಕ್ಕೆ ಹೋಗುವ ದಾರಿ ಕಾಗದದ ಮೇಲಿನ ಲೆಕ್ಕದಲ್ಲಿ ಮಾತ್ರ ಇದೆ, ಯಾರೂ ಕಂಡಿಲ್ಲ. ನಡೆದದ್ದನ್ನು ನಡೆಯದಂತೆ ಮಾಡುವ ಯಂತ್ರ ಇಲ್ಲ. ನಾಲ್ಕೂವರೆಗೆ ಸರಿಯಾಗಿ ಮುಗಿಸಿದೆ.

ಕೊನೆಗೆ ವಂದನಾರ್ಪಣೆ. ನಮ್ಮ ಕಡೆ ಯಾವ ಕಾರ್ಯಕ್ರಮವೂ ಅದಿಲ್ಲದೆ ಮುಗಿಯುವುದಿಲ್ಲ. ಅರ್ಧ ಜನ ಚಪ್ಪಲಿ ಹುಡುಕುತ್ತಿರುವಾಗ ನಡೆಯುವ ಕೆಲಸ ಅದು. ಶಿವಲಿಂಗಪ್ಪ ಮೈಕಿನ ಮುಂದೆ ನಿಂತರು. ನನಗೆ ವಂದನೆ ಹೇಳಿದರು. ಸಮಿತಿಗೆ, ಸೌಂಡ್ ಸೆಟ್ಟಿನವರಿಗೆ, ಚಹಾ ಕೊಟ್ಟವರಿಗೆ ಹೇಳಿದರು. "ಮೂರು ವಾರವೂ ಬೆಂಚು ಹಾಕಿಕೊಟ್ಟ ನಮ್ಮ ಮಂಜಪ್ಪನಿಗೆ" ಎಂದವರು ಅಲ್ಲೇ ನಿಂತರು. ಮೈಕು ಕೆಟ್ಟಿತೆಂದು ಸೌಂಡ್ ಸೆಟ್ಟಿನವನು ಎದ್ದ. ಕೈಸನ್ನೆಯಲ್ಲಿ ಅವನನ್ನು ಕೂರಿಸಿ, ಅದೇ ದನಿಯಲ್ಲಿ, ವಂದನೆ ಹೇಳುವ ಸಾಲಿನ ಮುಂದುವರಿಕೆಯಂತೆ ಹೇಳಿದರು:

"ಆವತ್ತು ಜೀಪ್ ಓಡಿಸಿದ್ದು ಮಂಜಪ್ಪ ಅಲ್ಲ. ನಾನು. ನನಗೆ ಲೈಸೆನ್ಸ್ ಇರಲಿಲ್ಲ."

ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಕನ್ನಡಕವನ್ನು ತೆಗೆದುಕೊಳ್ಳಲು ಚಾಚಿದ ನನ್ನ ಕೈ ಅಲ್ಲೇ ಉಳಿಯಿತು. ಹಿಂದಿನ ವಾರ ದಾರಿಯಲ್ಲಿ ಅವರು ಕೇಳಿದ ಒಂದೊಂದೇ ಪ್ರಶ್ನೆ ನೆನಪಾಯಿತು: ಮೋಡ, ಬಿಸಿಲು, ಬಯಲು. ನಾನು ಆ ಮನುಷ್ಯನಿಗೆ ಪಾಠವನ್ನಲ್ಲ, ತನ್ನ ತಪ್ಪಿನ ಗುರುತು ಅಳಿದಿದೆಯೇ ಎಂಬ ವಿಚಾರಣೆಗೆ ಉತ್ತರಗಳನ್ನು ಕೊಟ್ಟಿದ್ದೆ.

ಜನ ಮಂಜಪ್ಪನ ಕಡೆ ತಿರುಗಿದರು. ಅವನು ಒಂದು ಬೆಂಚಿನ ತುದಿ ಎತ್ತಿ ಹಿಡಿದಿದ್ದ. ಮೆಲ್ಲಗೆ ಕೆಳಗಿಟ್ಟ.

"ಹಾಗಾದ್ರೆ ನಾನು ಎಲ್ಲಿ ಕೂತಿದ್ದೆ?" ಎಂದ.

"ಎಡಗಡೆ. ನೀನು ಬೆಳಿಗ್ಗೆಯಿಂದ ಓಡಿಸಿ ಸುಸ್ತಾಗಿದ್ದೆ. ಕೊಡು ಅಂತ ನಾನೇ ತಗೊಂಡೆ. ನೀನು ನಿದ್ದೆ ಮಾಡ್ತಿದ್ದೆ."

"ನಿದ್ದೆ" ಎಂದ ಮಂಜಪ್ಪ. ಮತ್ತೊಮ್ಮೆ, "ನಿದ್ದೆ."

ಯಾರೋ ಹಿಂದಿನಿಂದ, "ಇಷ್ಟು ವರ್ಷ ಅವನ ಕೈಲಿ ದುಡಿಸ್ಕೊಂಡ್ಯಲ್ಲ ಮಾರಾಯ" ಎಂದರು. ಇನ್ನೊಬ್ಬರು ಎದ್ದು ಶಿವಲಿಂಗಪ್ಪನವರ ಕಡೆ ಹೊರಟರು. ಮಂಜಪ್ಪ ಕೈ ಅಡ್ಡ ಹಿಡಿದ. ಹೊಡೆತ ತಪ್ಪಿಸಲಿಕ್ಕಿರಬಹುದೆಂದು ನಾನಂದುಕೊಂಡೆ. ಅವನ ಯೋಚನೆ ಬೇರೆ ಇತ್ತು. "ಇಲ್ಲಿ ಹೇಳಿ ಏನಾಗ್ಬೇಕು? ನಮ್ಮವ್ವನ ಹತ್ರ ಬಂದು ಹೇಳಿ. ನಾನು ಹೇಳಿದ್ರೆ ಅವಳು ನಂಬಲ್ಲ. ಸರ್, ನೀವೂ ಬನ್ನಿ. ಓದಿದವರು ಒಬ್ರು ಇರ್ಲಿ."

ಐದು ಗಂಟೆಯ ಬಸ್ಸು ನನಗೆ ತಪ್ಪಿತು. ನನ್ನ ಜೀವನದಲ್ಲಿ ನಾನಾಗಿ ಬಿಟ್ಟ ಬಸ್ಸು ಅದೊಂದೇ. ಬಾಡಿಗೆ ಜೀಪೊಂದರಲ್ಲಿ ಹೊರಟೆವು. ಶಿವಲಿಂಗಪ್ಪ ಮುಂದೆ, ನಾನೂ ಮಂಜಪ್ಪನೂ ಹಿಂದೆ. ಏನಾದರೂ ಹೇಳಬೇಕೆನ್ನಿಸಿ, "ಅಲ್ಲಿ ದೂರದರ್ಶಕ ಹಿಡಿದು ಯಾರೂ ಕೂತಿಲ್ಲ ಶಿವಲಿಂಗಪ್ಪನವರೇ. ಅದು ಉದಾಹರಣೆ" ಎಂದೆ. ಯಾಕೆ ಹೇಳಿದೆನೋ ತಿಳಿಯದು.

"ಗೊತ್ತು ಸರ್" ಎಂದರು. "ನಾನು ಮುಗೀತು ಅಂದ್ಕೊಂಡಿದ್ದೆ. ಆವತ್ತಿನ ಬೆಳಕು ಇನ್ನೂ ಹೋಗ್ತಾ ಇದೆ ಅಂದ್ರಲ್ಲ ನೀವು. ಆ ವಾರವೆಲ್ಲ ಊಟ ಸೇರಲಿಲ್ಲ."

ಲೈನ್ ಮನೆಯ ಮುಂದೆ ದ್ಯಾವಮ್ಮ ಕೂತು ಸೊಪ್ಪು ಸೋಸುತ್ತಿದ್ದಳು. ಎಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ. ಮಂಜಪ್ಪ ಅಂಗಳದ ಹೊರಗೇ ನಿಂತ. ಶಿವಲಿಂಗಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೆಲುದನಿಯಲ್ಲಿ ಹೇಳಿದರು. ಅವಳು ಕಿವಿಗೆ ಕೈಯಿಟ್ಟು, "ಎಂಥದು?" ಎಂದಳು. ದನಿ ಎತ್ತಿ ಹೇಳಿದರು. "ಜೋರಾಗಿ ಹೇಳು ಮಾರಾಯ" ಎಂದಳು. ಮೂರನೇ ಸಲ ಅವರು ಕೂಗಿಯೇ ಹೇಳಬೇಕಾಯಿತು. ಸಾಲಿನ ಒಂದೊಂದೇ ಬಾಗಿಲಿಂದ ಜನ ಹೊರಗೆ ಬಂದು ನಿಂತರು. ಎರಡನೇ ಸಲಕ್ಕೇ ಅವಳ ಬೆರಳು ಸೊಪ್ಪಿನ ಮೇಲೆ ನಿಂತಿದ್ದನ್ನು ನಾನು ನೋಡಿದ್ದೆ.

ಬೈಗುಳ ಬರುತ್ತದೆ, ಅಳು ಬರುತ್ತದೆ ಎಂದು ನಾನು ಕಾಯುತ್ತಿದ್ದೆ.

"ಆವತ್ತೇ ಹೇಳಿದ್ದಿದ್ರೆ" ಎಂದಳು, "ನಿನ್ನ ಮೇಲೆ ಸಿಟ್ಟು ಮಾಡಿ, ಶಾಪ ಹಾಕಿ, ಇಷ್ಟೊತ್ತಿಗೆ ಬಿಟ್ಟೂ ಬಿಡ್ತಿದ್ದೆ. ಈಗ ಮೊದಲಿಂದ ಶುರು ಮಾಡ್ಬೇಕು. ನನಗೆಲ್ಲಿ ಅಷ್ಟು ಟೈಮ್ ಇದೆ?"

ಅಂಗಳದಾಚೆ ಕಣ್ಣು ಹಾಯಿಸಿ, "ಅವನಿಗೆ ಒಳಗೆ ಬರೋಕೆ ಹೇಳಿ" ಎಂದಳು. ಮಗಳು ಹೋಗಿ ಮಂಜಪ್ಪನ ಕೈ ಹಿಡಿದು ಕರೆತಂದಳು. ಅವನು ಬಾಗಿಲು ದಾಟಿ ಒಳಗೆ ಹೋದ. ಶಿವಲಿಂಗಪ್ಪ ಅಂಗಳದಲ್ಲಿ ಹಾಗೇ ಕೂತಿದ್ದರು. ಯಾರೂ ಅವರನ್ನು ಏಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

ಮರುದಿನ ಶಿವಲಿಂಗಪ್ಪ ವಕೀಲರೊಬ್ಬರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋದರು. ಇಷ್ಟು ವರ್ಷದ ಮೇಲೆ ಕಾನೂನು ಏನು ಮಾಡುತ್ತದೆ ಎಂಬುದು ನನ್ನ ವಿಷಯವಲ್ಲ. ಅದು ಇನ್ನೂ ನಡೆಯುತ್ತಿದೆ ಎಂದಷ್ಟೇ ಬಲ್ಲೆ. ಮಂಜಪ್ಪ ಗೋಡೌನ್ ಬಿಟ್ಟ. ದ್ಯಾವಮ್ಮ ಆ ಮಳೆಗಾಲ ದಾಟಲಿಲ್ಲ. ಆದರೆ ಆ ಕೆಲವು ತಿಂಗಳು ಮಗನ ಮನೆಯಲ್ಲೇ ಇದ್ದಳು.

ತರಗತಿಯಲ್ಲಿ ಹೇಳಿದ ಮಾತು ತರಗತಿಯಲ್ಲೇ ಉಳಿಯುತ್ತದೆ, ಪರೀಕ್ಷೆ ಮುಗಿದರೆ ಅದೂ ಮುಗಿಯಿತು ಎಂದು ನಾನು ಮೂವತ್ತು ವರ್ಷ ನಂಬಿಕೊಂಡು ಪಾಠ ಮಾಡಿದವನು. ಕೇಳುವವನು ತನ್ನ ಒಂದು ದಿನವನ್ನು ಮಡಿಲಲ್ಲಿ ಇಟ್ಟುಕೊಂಡೇ ಬಂದು ಕೂತಿರುತ್ತಾನೆ, ನಾವು ಹೇಳುವ ನಕ್ಷತ್ರದ ಮಾತನ್ನೂ ಅದಕ್ಕೇ ಹಚ್ಚಿ ನೋಡುತ್ತಾನೆ ಎಂಬುದನ್ನು ಕಳಸ ಕಲಿಸಿತು. ಈಗಲೂ ಕಪ್ಪುಕುಳಿಯ ಪಾಠ ಹೇಳುತ್ತೇನೆ. ಉದಾಹರಣೆ ಕೊಡುವ ಮೊದಲು ಎದುರಿನ ಮುಖಗಳನ್ನು ಒಮ್ಮೆ ನೋಡುತ್ತೇನೆ.

ಕಳೆದ ವರ್ಷ ಮೂಡಿಗೆರೆಯ ಬಸ್ ನಿಲ್ದಾಣದಲ್ಲಿ ಮಂಜಪ್ಪ ಸಿಕ್ಕಿದ್ದ. ಚೆನ್ನಾಗಿದ್ದಾನೆ, ನರ್ಸರಿಯೊಂದರಲ್ಲಿ ಕಾಫಿ ಗಿಡ ಮಾಡುವ ಕೆಲಸ. ಈಗ ಮನಸ್ಸು ಹಗುರವಾಗಿರಬೇಕಲ್ಲ ಎಂದು ಕೇಳಿದೆ.

"ಆಗಿದೆ ಸರ್" ಎಂದ. ಬಸ್ಸು ಬಂತು. ಮೆಟ್ಟಿಲು ಹತ್ತುವಾಗ ತಿರುಗಿ ಹೇಳಿದ: "ಆದ್ರೆ ರಾತ್ರಿ ನಿದ್ದೇಲಿ ಈಗ್ಲೂ ಬ್ರೇಕ್ ಒತ್ತುತ್ತೀನಂತೆ, ಹೆಂಡತಿ ಹೇಳ್ತಾಳೆ. ಓಡಿಸಿದ್ದು ನಾನಲ್ಲ ಅಂತ ನನಗೆ ಗೊತ್ತಾಯ್ತು. ಕಾಲಿಗೆ ಇನ್ನೂ ಗೊತ್ತಾಗಿಲ್ಲ."